ಕಮಲದ ಮೇಲೆ ಕೂತಿದ್ದ ಟೀವಿ

ಮನೆಯಲ್ಲಿ ಒಬ್ಬರು ಇಲ್ಲವಾದ ಮೇಲೆ ಅವರ ಸಾಮಾನುಗಳಿಗೆಲ್ಲ ಒಂದು ಬಗೆಯ ಮೊಂಡುತನ ಬಂದುಬಿಡುತ್ತದೆ. ನಿನ್ನೆಯವರೆಗೆ ಮೂಲೆಯಲ್ಲಿ ತೆಪ್ಪಗೆ ಬಿದ್ದಿದ್ದ ಕೊಡೆ ಕೂಡ ‘ನನ್ನನ್ನು ಏನು ಮಾಡುತ್ತೀ, ಹೇಳು’ ಎಂದು ಅಡ್ಡ ನಿಂತು ಕೇಳುತ್ತದೆ. ಕೊಡೆಗೆ, ಚಪ್ಪಲಿಗೆ, ಈ ಮುಂಬಯಿಯ ಸೆಕೆಯಲ್ಲಿ ಒಮ್ಮೆಯೂ ತೊಡದ ಸ್ವೆಟರಿಗೆ ಹೇಗೋ ಉತ್ತರ ಹೇಳಿದೆ. ಉತ್ತರ ಹೊಳೆಯದೆ ಉಳಿದದ್ದು ನಮ್ಮವರ ಹಳೆಯ ಟೀವಿಗೆ ಮಾತ್ರ. ಮರದ ಪೆಟ್ಟಿಗೆ, ಎದುರಿಗೆ ಎಳೆದು ಮುಚ್ಚುವ ಬಾಗಿಲು, ಅದಕ್ಕೊಂದು ಬೀಗ. ಅದರಲ್ಲಿ ಚಿತ್ರ ಮೂಡುವುದು ನಿಂತು ಯಾವ ಕಾಲವಾಯಿತೋ. ಗುಜರಿಯವನು ಕಟ್ಟಡದ ಕೆಳಗೆ ಕೂಗಿದಾಗಲೆಲ್ಲ ನಾನು ಆ ಪೆಟ್ಟಿಗೆಯನ್ನು ನೋಡುತ್ತಿದ್ದೆ, ನಮ್ಮವರು ನನ್ನನ್ನು ನೋಡುತ್ತಿದ್ದರು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಟೀವಿ ನನಗಿಂತ ಮೊದಲು ಈ ಸಂಸಾರಕ್ಕೆ ಬಂದದ್ದು. ಜೋಗೇಶ್ವರಿಯ ಚಾಳಿನ ಪುಟ್ಟ ಮನೆಯಲ್ಲಿದ್ದಾಗಲೇ ಅದನ್ನು ತಂದಿದ್ದರು. ಆಮೇಲೆ ಮುಲುಂಡಿಗೆ ಮನೆ ಬದಲಾಯಿತು. ನಾನು ಮದುವೆಯಾಗಿ ಬಂದದ್ದು ಅದರ ಮರುವರ್ಷ. ಹಾಗಾಗಿ ಹಿರಿತನದಲ್ಲಿ ಅದಕ್ಕೆ ಮೊದಲ ಸ್ಥಾನ. ಅತ್ತೆ ಇದ್ದಷ್ಟು ಕಾಲ ಅದನ್ನು ಒರೆಸುವ ಬಟ್ಟೆ ಬೇರೆ, ನಾನು ಮುಖ ಒರೆಸಿಕೊಳ್ಳುವ ಬಟ್ಟೆ ಬೇರೆ. ಎರಡರಲ್ಲಿ ಅದರದ್ದೇ ಮೆತ್ತಗಿತ್ತು.

ಉತ್ತರ ಕೊನೆಗೆ ಫೋರ್ಟ್ ಪೇಟೆಯಿಂದ ಬಂತು. ನಮ್ಮವರು ಜೀವನವಿಡೀ ಗಲ್ಲೆಯಲ್ಲಿ ದುಡ್ಡೆಣಿಸುತ್ತ ಕೂತ ಅಲ್ಲಿನ ಉಡುಪಿ ಹೋಟೆಲನ್ನು ಈಗ ನಡೆಸುವವರು ಸದಾನಂದಣ್ಣ. ನಮ್ಮವರ ಜೊತೆಗೇ ಊರಿನಿಂದ ಬಂದವರು. ಹೋಟೆಲಿಗೆ ಹೊಸ ಬಣ್ಣ ಹೊಡೆಸಿ, ಒಂದು ಮೂಲೆಯಲ್ಲಿ ಹಳೇ ಕಾಲದ ಸಾಮಾನು ಜೋಡಿಸಬೇಕೆಂದು ಅವರ ಆಸೆ. “ಅತ್ತಿಗೆ, ಅಣ್ಣನ ಟೀವಿ ನಮ್ಗೆ ಕೊಡಿ. ಅವರು ಕೂರ್ತಿದ್ದ ಗಲ್ಲೆಯ ಹತ್ತಿರವೇ ಇಡ್ತೇನೆ,” ಎಂದು ಫೋನಿನಲ್ಲಿ ಕೇಳಿದರು. ದಿನಾ ಲೋಕಲ್ ಹಿಡಿದು ಇವರು ಹೋಗುತ್ತಿದ್ದ ಜಾಗಕ್ಕೆ ಇವರ ಟೀವಿಯೂ ಹೋಗುವುದು ನನಗೆ ಸರಿಯೆನಿಸಿತು. ಒಪ್ಪಿಕೊಂಡೆ. “ಆದ್ರೆ ಅದ್ರ ಒರಿಜಿನಲ್ ಸ್ಟ್ಯಾಂಡ್ ಬೇಕು ಮಾರಾಯ್ರೆ. ಸ್ಟ್ಯಾಂಡ್ ಇಲ್ಲದಿದ್ರೆ ಅದಕ್ಕೆ ಶೋ ಇಲ್ಲ. ಮನೆಯಲ್ಲೇ ಉಂಟು, ಒಳ್ಳೇ ಜಾಗದಲ್ಲಿ ಉಂಟು ಅಂತ ಅಣ್ಣ ಯಾವಾಗಲೂ ಹೇಳ್ತಿದ್ರು.” ನಾನು ಉದಾರವಾಗಿ, “ಯಾವುದು ಸಿಕ್ಕಿದರೂ ತಕೊಂಡು ಹೋಗಿ,” ಎಂದೆ. ಉದಾರತನ ನನಗೆ ಅಷ್ಟು ಅಭ್ಯಾಸವಿಲ್ಲ. ಫೋನಿಟ್ಟು ತಿರುಗಿದರೆ ಇವರ ಕುರ್ಚಿಯ ಪಕ್ಕದ ಪುಟ್ಟ ಮೇಜು ಕಣ್ಣಿಗೆ ಬಿತ್ತು. ಇದೇ ಆ ಸ್ಟ್ಯಾಂಡ್ ಆಗಿದ್ದರೆ?

ಆ ಮೇಜಿನ ಮೇಲೆ ಇವರ ಕನ್ನಡಕ ಇನ್ನೂ ಇದೆ. ಮಡಚಿಟ್ಟ ಪೇಪರು ಇದೆ. ಚಹಾದ ಲೋಟ ಇಟ್ಟು ಇಟ್ಟು ಮೂಡಿದ ಬಳೆಯಂಥ ಕಲೆಗಳಿವೆ. ಎಲ್ಲವನ್ನೂ ಕೊಟ್ಟೇನು, ಅದೊಂದನ್ನು ಕೊಡಲಾರೆ ಎಂದು ನನಗೆ ಗೊತ್ತಾದದ್ದೇ ಮಾತು ಕೊಟ್ಟ ಮೇಲೆ. ಟೀವಿಯ ಬಣ್ಣವೂ ಅದೇ ಕಂದು, ಮೇಜಿನ ಬಣ್ಣವೂ ಅದೇ ಕಂದು. ಟೀವಿ ಕೂತಿದ್ದದ್ದಾದರೋ ಒಂದು ಗಿಡ್ಡ ಮರದ ಪೀಠದ ಮೇಲೆ, ಎರಡೂ ಬದಿ ಹೊರಕ್ಕೆ ಚಾಚಿಕೊಂಡು, ಚಿಕ್ಕ ಮಗುವಿನ ಕುರ್ಚಿಯಲ್ಲಿ ಮಾವನನ್ನು ಕೂರಿಸಿದ ಹಾಗೆ. ಅದು ಅಸಲಿ ಸ್ಟ್ಯಾಂಡ್ ಅಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ನನ್ನ ಮಗಳು ಪ್ರೀತಿಯಂತೂ ಒಂದೇ ನೋಟಕ್ಕೆ ತೀರ್ಪು ಕೊಟ್ಟಳು: “ಮಮ್ಮಾ, ಪಪ್ಪಾನ ಟೇಬಲ್ಲೇ ಸ್ಟ್ಯಾಂಡ್. ಕಲರ್ ಮ್ಯಾಚ್ ಆಗ್ತದೆ ನಾ! ಸಾಫ್ ದಿಖ್ತಾ ಹೈ.” ಇಂಥ ಬುದ್ಧಿವಂತೆಯನ್ನು ಓದಿಸಿದ್ದಕ್ಕೆ ನನಗೆ ಆ ಗಳಿಗೆ ಪಶ್ಚಾತ್ತಾಪವಾಯಿತು.

ಭಾನುವಾರ ಸದಾನಂದಣ್ಣ ಬಂದರು. ಬಂದವರೇ ಬಗ್ಗಿ ಟೀವಿಯ ಅಡಿಗೆ ಕೈ ಹಾಕಿ ತಡವಿ, “ಇದಕ್ಕೆ ನಾಲ್ಕು ರಬ್ಬರ್ ಕಾಲು ಉಂಟು. ಜಾರಬಾರ್ದು ಅಂತ ಸ್ಟ್ಯಾಂಡಿನ ಮೇಲೆ ನಾಲ್ಕು ಗುಳಿ ಇರ್ತದೆ. ಆ ಗುಳಿ ಇದ್ರೆ ಅದೇ ಅಸಲಿ,” ಎಂದರು. ಮೇಜಿನ ಮೇಲೆ ಗುಳಿ ಕಾಣುತ್ತಿರಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಪ್ರೀತಿ, “ಅಂಕಲ್, ಸನ್‌ಮೈಕಾ ಪಪ್ಪಾ ಆಮೇಲೆ ಹಚ್ಚಿದ್ದು. ಕೆಳಗೆ ಇರಬಹುದು,” ಎಂದಳು. ಸದಾನಂದಣ್ಣ ಜೇಬಿನಿಂದ ಬೀಗದ ಕೈ ತೆಗೆದು, ಎಬ್ಬಿಸಿ ನೋಡಲೆಂದು ಸನ್‌ಮೈಕಾದ ಅಂಚಿಗೆ ಇಟ್ಟರು. ನಾನು, “ಚಹಾ ಆರಿಹೋಗ್ತದೆ,” ಎಂದೆ. ಕುಡಿದರು. ಮತ್ತೆ ಕೀಲಿ ಎತ್ತಿದರು. “ಅವಲಕ್ಕಿ ತಿನ್ನಿ,” ಎಂದೆ. “ಅತ್ತಿಗೆ, ಹೋಟೆಲಿನವನಿಗೆ ಇಷ್ಟು ತಿನ್ನಿಸ್ಬಾರ್ದು,” ಎಂದು ನಗುತ್ತಾ ತಿಂದರು. ಆಮೇಲೆ ನನ್ನಲ್ಲಿ ತಿಂಡಿ ಉಳಿಯಲಿಲ್ಲ. ಕನ್ನಡಕವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, “ಮೊದಲು ಟೀವಿ ಇಳಿಸಿ ಅಳತೆ ನೋಡಬಾರದೇ?” ಎಂದೆ. ನನ್ನ ದನಿ ಹೇಗಿತ್ತೋ, ಅವರು ಕೀಲಿಯನ್ನು ಜೇಬಿಗೆ ಹಾಕಿದರು.

ಅವರೂ ಪ್ರೀತಿಯೂ ಸೇರಿ ಟೀವಿಯನ್ನು ನೆಲಕ್ಕಿಳಿಸಿದರು. ಮುಂದೆ ಇಳಿಬಿಟ್ಟಿದ್ದ ಕ್ರೋಷಾ ಬಟ್ಟೆ ಅದರೊಡನೆ ಜಾರಿತು. ಸದಾನಂದಣ್ಣ ಗಿಡ್ಡ ಪೀಠವನ್ನೇ ನೋಡುತ್ತ ನಿಂತರು.

“ಟೀವಿ ಸ್ಟ್ಯಾಂಡಿಗೆ ಕಮಲ ಎಂತಕ್ಕೆ ಅತ್ತಿಗೆ?”

ಆ ಕೆತ್ತನೆಯ ಕಮಲವನ್ನು ನಾನು ಇಷ್ಟು ವರ್ಷ ಒರೆಸಿದ್ದೇನೆ. ಆ ಕಾಲದ ಫ್ಯಾಶನ್ ಎಂದುಕೊಂಡಿದ್ದೆ. ಎಸಳುಗಳ ಸಂದಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಕೆಂಪು ಬಣ್ಣವನ್ನು ಪಾಲಿಶ್ ಎಂದೂ, ಮೂಲೆಯ ಎಣ್ಣೆಯ ಜಿಡ್ಡನ್ನು ಟೀವಿಯೊಳಗಿಂದ ಸೋರಿದ್ದೆಂದೂ ನಂಬಿದ್ದೆ. ಮೂವರ ತಲೆಯೂ ಮೆಲ್ಲಗೆ ದೇವರ ಮೂಲೆಯ ಕಡೆ ತಿರುಗಿತು.

ನಮ್ಮ ದೇವರ ಮಂಟಪ ಕೂತಿರುವುದು ಒಂದು ಎತ್ತರದ ಕಂದು ಸ್ಟ್ಯಾಂಡಿನ ಮೇಲೆ. ಅದಕ್ಕೆ ಪುಟ್ಟ ಚಕ್ರಗಳಿವೆ. ಗುಡಿಸುವಾಗ ನನ್ನ ಸೊಂಟ ನೋಯಬಾರದೆಂದು ನಮ್ಮವರೇ ಹಾಕಿಸಿದ್ದು ಎಂದು ನಾನು ನೆರೆಹೊರೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಇಬ್ಬರು ಹೆಂಗಸರು ಇದರಿಂದ ಗಂಡಂದಿರ ಮೇಲೆ ಸಿಟ್ಟಾಗಿದ್ದರು ಕೂಡ. ಹಿಂದುಗಡೆ ವಯರು ಹಾಯಿಸಲು ಒಂದು ತೂತಿದೆ. ದೀಪಾವಳಿಯ ಲೈಟಿಗೆ ಎಷ್ಟು ಅನುಕೂಲ ಎಂದು ಮೆಚ್ಚಿದ್ದೆ. ಇನ್ನು ಮೇಲೆ, ಮಂಟಪದ ಮುಂದೆ, ಎಡಕ್ಕೊಂದು ಬಲಕ್ಕೊಂದು ದುಂಡನೆಯ ಗುಳಿ. ಒಂದರಲ್ಲಿ ಕುಂಕುಮ, ಒಂದರಲ್ಲಿ ಅರಿಶಿನ. ನಾಲ್ಕು ಗುಳಿಯ ಮಾತನ್ನು ಕೇಳಿದ ಮೇಲೂ ನನಗೆ ಇದು ಹೊಳೆದಿರಲಿಲ್ಲ.

ಪ್ರೀತಿ ಸ್ಟ್ಯಾಂಡಿನ ಸುತ್ತ ಇಳಿಬಿಟ್ಟಿದ್ದ ಜರಿಬಟ್ಟೆ ಎತ್ತಿ ಚಕ್ರ ನೋಡಿ, “ಓ ಗಾಡ್!” ಎಂದಳು. “ಮೇಲೇ ಕೂತಿದ್ದಾರೆ, ಕೇಳ್ತದೆ,” ಎಂದರು ಸದಾನಂದಣ್ಣ. ನಾನು ಕೈಮುಗಿದು ಮಂಟಪ ಸರಿಸಿದೆ. ಉಳಿದ ಎರಡು ಗುಳಿ ಅಲ್ಲಿದ್ದವು.

ಆಗ ಅತ್ತೆಯ ಮಾತು ನೆನಪಾಯಿತು. ಹೊಸ ಮನೆಗೆ ಮೊದಲು ದೇವರೇ ಒಳಗೆ ಬರಬೇಕು, ಮುಹೂರ್ತ ಮೀರುತ್ತಿತ್ತು, ಟೆಂಪೋದವರು ಕೈಗೆ ಏನು ಕೊಟ್ಟರೋ ಅದರ ಮೇಲೆ ಕೂರಿಸಿಬಿಟ್ಟೆ ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಒಮ್ಮೆ ಕೂತ ದೇವರನ್ನು ಎಬ್ಬಿಸಲು ಅತ್ತೆ ಬಿಡುವವರಲ್ಲ. ದೇವರ ಕಮಲದ ಪೀಠ ಆಮೇಲೆ ಬಂದಿರಬೇಕು. ಟೀವಿ ಅದರ ಮೇಲೆ ಕೂತಿರಬೇಕು. ನಮ್ಮವರಿಗೆ ಗೊತ್ತಿತ್ತು. ಗೊತ್ತಿದ್ದೂ ತಾಯಿಯ ಹೆದರಿಕೆಗೆ ಸುಮ್ಮನಿದ್ದರು. ಟೀವಿಯಲ್ಲಿ ಚಿತ್ರ ಕುಣಿದಾಗ ನಾವೆಲ್ಲ ಅದರ ತಲೆಗೆ ಬಡಿದರೆ ಇವರು ಮಾತ್ರ ಎದ್ದು ಅದಕ್ಕೆ ಕೈಮುಗಿಯುತ್ತಿದ್ದರು. ಬೆಳಿಗ್ಗೆ ದೇವರ ಸ್ಟ್ಯಾಂಡ್ ಮುಟ್ಟಿ ಹೊರಡುವಾಗ ಮೀಸೆಯಡಿ ಅದೆಂಥದೋ ನಗು. ಭಕ್ತಿಯೆಂದುಕೊಂಡಿದ್ದೆ!

ನನಗೆ ನಗು ಬಂತು. ಇವರು ಹೋದ ಮೇಲೆ ಮೊದಲ ಸಲ, ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಪ್ರೀತಿ ಗಾಬರಿಯಿಂದ ನೀರು ತರಲು ಓಡಿದವಳು, ಅಡಿಗೆಮನೆಯಲ್ಲೇ ನಗತೊಡಗಿದ್ದು ಕೇಳಿಸಿತು. ಸದಾನಂದಣ್ಣ ಮಾತ್ರ ಹಿಂಜರಿದರು: “ದೇವರು ಕೂತ ಸ್ಟ್ಯಾಂಡ್. ಹೋಟೆಲಿಗೆ ಹೇಗೆ ತಕೊಂಡು ಹೋಗುದು?” “ದೇವರಿಗೆ ಅವರ ಕಮಲ ವಾಪಸ್ ಸಿಕ್ಕಿತಲ್ಲ, ನೀವು ಹೊರಡಿ,” ಎಂದು ಅವಸರ ಮಾಡಿದೆ. ಅವರ ಕಣ್ಣು ಮತ್ತೆ ಮೇಜಿನ ಮೇಲೆ ಬೀಳುವ ಮೊದಲು ಮಂಟಪವನ್ನು ಕಮಲದ ಪೀಠಕ್ಕೆ ಇಳಿಸಿ, ಗುಳಿ ಒರೆಸಿ, ಸ್ಟ್ಯಾಂಡನ್ನು ನಾನೇ ಲಿಫ್ಟಿನವರೆಗೆ ತಳ್ಳಿದೆ. ಚಕ್ರ ಇದ್ದದ್ದು ಒಳ್ಳೆಯದಾಯಿತು. ಬಾಗಿಲು ಮುಚ್ಚಿ ಬಂದು ಕನ್ನಡಕವನ್ನು ಮೇಜಿನ ಮೇಲೆ, ಅದರ ಜಾಗದಲ್ಲೇ ಇಟ್ಟೆ.

ಮೊನ್ನೆ ಫೋರ್ಟಿಗೆ ಹೋಗಿದ್ದೆ. ಗಲ್ಲೆಯ ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಟೀವಿ ಠೀವಿಯಿಂದ ಕೂತಿತ್ತು. ಹತ್ತಿರ ಹೋದದ್ದೇ ತಡ, ನನ್ನ ಕೈ ಹಳೇ ಅಭ್ಯಾಸದಂತೆ ಎಡಗಡೆಯ ಗುಳಿಯತ್ತ ಹೋಗಿ ಕುಂಕುಮ ಹುಡುಕಿತು. ಸಿಕ್ಕಿದ್ದು ರಬ್ಬರ್ ಕಾಲು. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕಣ್ಣಿಗೊತ್ತಿಕೊಂಡೆ. ಸದಾನಂದಣ್ಣ ಗಲ್ಲೆಯಿಂದ ಎದ್ದು ನಿಂತು ಕಣ್ಣೊರೆಸಿಕೊಂಡರು. ಮಾಣಿಗಳು ಟ್ರೇ ಹಿಡಿದಲ್ಲೇ ತಲೆ ತಗ್ಗಿಸಿದರು. ಅಭ್ಯಾಸಬಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮರುದಿನದಿಂದ ಅಲ್ಲಿ ಶಟರು ಎತ್ತಿದ ಕೂಡಲೇ ಟೀವಿಗೂ ಒಂದು ಊದುಬತ್ತಿ ಹಚ್ಚುತ್ತಾರಂತೆ.

“ಸ್ಟ್ಯಾಂಡ್ ಹೇಗಿದೆ ಮಮ್ಮಾ?” ಎಂದು ಪ್ರೀತಿ ಕೇಳಿದಳು.

ಒಳ್ಳೇ ಜಾಗದಲ್ಲಿ ಉಂಟು ಎಂದಷ್ಟೇ ಹೇಳಿದೆ.