ಹಳದಿ ಪಟ್ಟೆಯ ಸ್ವೆಟರಿನ ವಿಚಾರವಾಗಿ ಶ್ರೀಮತಿ ಲಾವಣ್ಯಮಯಿ ಅವರಲ್ಲಿ ಅರಿಕೆ

ಜಯನಗರ ನಾಲ್ಕನೇ ಟಿ ಬ್ಲಾಕ್,
ಜನವರಿ ೧೯೮೪

ಸ್ಥೂಲರ ಆಶಾಕಿರಣರೂ, ಕೃಶರ ಕಾಮಧೇನುವೂ, ಕುಳ್ಳರನ್ನು ಎತ್ತರಿಸಿ ಎತ್ತರದವರನ್ನು ತಗ್ಗಿಸುವ ಸಾಮರ್ಥ್ಯವುಳ್ಳವರೂ, 'ವನಿತಾದರ್ಪಣ' ವಾರಪತ್ರಿಕೆಯಲ್ಲಿ ಉಪ್ಪಿನಕಾಯಿ ಜಾಹೀರಾತಿನ ಎದುರುಪುಟದಲ್ಲಿ ತಪ್ಪದೆ ವಿರಾಜಮಾನರೂ ಆದ 'ಕನ್ನಡಿಯ ಮುಂದೆ' ಅಂಕಣದ ಶ್ರೀಮತಿ ಲಾವಣ್ಯಮಯಿ ಅವರ ಸನ್ನಿಧಾನಕ್ಕೆ, ಮೇಲ್ಕಂಡ ವಿಳಾಸದ ಸೀನು ಎಂಬ ವಿದ್ಯಾರ್ಥಿಯು, ಚಳಿಗೆ ಅರ್ಧ ತಾನಾಗಿಯೇ ಬಗ್ಗಿರುವ ಮೈಯನ್ನು ಉಳಿದರ್ಧ ಭಕ್ತಿಯಿಂದ ಬಗ್ಗಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಡಿಸೆಂಬರ್ ತಿಂಗಳ ಮೊದಲ ಸಂಚಿಕೆಯಲ್ಲಿ ತಾವು ದಯಪಾಲಿಸಿದ 'ಚಳಿಗಾಲದಲ್ಲೂ ಮೈಕಟ್ಟಿಗೊಪ್ಪುವ ಉಡುಪು' ಎಂಬ ಲೇಖನವನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದಿದೆವು. ಜೊತೆಗಿದ್ದ ಚಿತ್ರದಲ್ಲಿ ಯಾರೋ ದೊರೆಸಾನಿ ಮೊಣಕಾಲುದ್ದದ ಬೂಟು ಹಾಕಿಕೊಂಡು ಹಿಮದಲ್ಲಿ ನಿಂತು ನಗುತ್ತಿದ್ದಳು. ನಮ್ಮ ಬಡಾವಣೆಯ ಚಳಿ ಹಾಲಿನ ಬೂತಿನ ಮುಂದೆ ಕ್ಯೂ ಬೆಳೆಯುವ ಹೊತ್ತಿಗೆ ಬಂದು, ಬಿಸಿಲು ಕಾಂಪೌಂಡಿನ ಮೇಲೆ ಬೀಳುತ್ತಲೇ ಬುತ್ತಿ ಕಟ್ಟಿಕೊಂಡು ಆಫೀಸಿಗೆ ಹೊರಟುಬಿಡುವ ಸಂಸಾರಸ್ಥ ಚಳಿಯಾದ್ದರಿಂದ, ಆ ಚಿತ್ರಕ್ಕೆ ನಾವು ಯೋಗ್ಯರಲ್ಲವೆಂದು ಮೊದಲು ನಾಚಿದೆವು. ಆದರೆ ತಾವು ಮನುಷ್ಯಕುಲವನ್ನೆಲ್ಲ ಸೇಬು, ಮರಸೇಬು, ಮರಳಿನ ಗಡಿಯಾರ ಮತ್ತು ಕಡ್ಡಿ ಎಂದು ವಿಂಗಡಿಸಿದ್ದನ್ನು ಕಂಡ ನಮ್ಮಜ್ಜಿ ನಾಗಲಕ್ಷ್ಮಮ್ಮನವರು ಕನ್ನಡಕ ಸರಿಮಾಡಿಕೊಂಡು, "ಕಡ್ಡಿ ಅಂತ ಬರೆದಿದಾರಲ್ಲೇ, ನಮ್ಮ ಅನಂತೂನ ಇವರೆಲ್ಲಿ ನೋಡಿದ್ರು?" ಎಂದು ನಮ್ಮಮ್ಮನನ್ನು ಕೇಳಿದರು.

ಅನಂತು ಎಂದರೆ ಅಜ್ಜಿಯ ಕೊನೆಯ ಮಗ, ನನ್ನ ಸೋದರಮಾವ ಅನಂತರಾಮು. ವಿಮೆ ಕಚೇರಿಯಲ್ಲಿ ಗುಮಾಸ್ತ. ನೌಕರಿ ಕಾಯಂ, ಗುಣ ಅಪರಂಜಿ, ಮೈ ಮಾತ್ರ ಇಲ್ಲ. ಹೆಣ್ಣಿನ ಕಡೆಯವರು ಹಲವರು ಬಂದು, ಕಾಫಿ ಕುಡಿದು, ಮಾವನನ್ನು ಮುಂದಿನಿಂದಲೂ ಪಕ್ಕದಿಂದಲೂ ನೋಡಿ, ಪಕ್ಕದಿಂದ ನೋಡಿದಾಗ ಏನೂ ಕಾಣದೆ, "ಹುಡುಗ ಒಳ್ಳೆಯವನು, ಆರೋಗ್ಯ ಹೇಗೋ" ಎಂದು ಎದ್ದುಹೋಗಿದ್ದರು. ಕೊನೆಯವರು ಹೋದ ದಿನ ಮಾವ ಊಟ ಬಿಟ್ಟು, "ಇನ್ನೊಂದು ಸಲ ನೋಡ್ತೀನಮ್ಮ. ಅದೂ ಆಗ್ಲಿಲ್ಲ ಅಂದ್ರೆ ನನ್ನನ್ನ ನನ್ನ ಪಾಡಿಗೆ ಬಿಟ್ಬಿಡಿ" ಎಂದಿದ್ದ. ಮಾವ ಹಟದ ಮನುಷ್ಯನಲ್ಲ. ಅದಕ್ಕೇ ಆ ಮಾತು ಕೇಳಿ ಅಜ್ಜಿಗೆ ದಿಗಿಲಾಗಿತ್ತು. ತಮ್ಮ ಲೇಖನ ಕೈಸೇರಿದ್ದು ಇಂಥ ಸಮಯದಲ್ಲಿ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

'ಕಡ್ಡಿ ಮೈಯವರು ಒಂದರ ಮೇಲೊಂದು ಪದರ ಧರಿಸತಕ್ಕದ್ದು. ಉಣ್ಣೆ ದಪ್ಪಗಿರಲಿ, ಬಣ್ಣ ತಿಳಿಯಿರಲಿ, ಅಡ್ಡಪಟ್ಟೆ ಅಗಲವಿರಲಿ, ಕತ್ತು ಮುಚ್ಚಿರಲಿ' ಎಂಬ ತಮ್ಮ ಆಣತಿಯನ್ನು ಅಜ್ಜಿ ಸಹಸ್ರನಾಮದ ರಾಗದಲ್ಲಿ ಬಾಯಿಪಾಠ ಮಾಡಿದರು. "ಅಮ್ಮಾ, ಅದು ಹೆಂಗಸರ ಪೇಪರು" ಎಂದು ನಮ್ಮಮ್ಮ ಹೇಳಿದ್ದಕ್ಕೆ, "ಕಡ್ಡಿ ಅಂದ್ಮೇಲೆ ಕಡ್ಡಿ. ಅದ್ರಲ್ಲಿ ಗಂಡೇನು ಹೆಣ್ಣೇನು. ನೀನು ಉಣ್ಣೆ ತರಿಸು" ಎಂದರು. ಅಮ್ಮ ಹಳದಿಗೂ ಕೆನೆಬಣ್ಣಕ್ಕೂ ಗಂಟುಹಾಕಿ ಹೆಣೆಯಲು ಕೂತರು. ಹಾಸಿಗೆಯ ಸುರುಳಿಗೆ ತೋಳು ಬಂದಂತೆ ಆ ಸ್ವೆಟರ್ ದಿನದಿನಕ್ಕೆ ಬೆಳೆಯಿತು.

ಅಷ್ಟರಲ್ಲಿ ಪಕ್ಕದ ರಸ್ತೆಯ ನಿವೃತ್ತ ಹೆಡ್‌ಮಾಸ್ತರು ಸಂಜೀವಯ್ಯನವರು ಬನಶಂಕರಿಯ ಒಂದು ಸಂಬಂಧ ತಂದರು. ಹುಡುಗಿ ಕಾತ್ಯಾಯಿನಿ, ಶಾಲೆಯಲ್ಲಿ ಟೀಚರು. ತೊಡಕೆಂದರೆ ಧನುರ್ಮಾಸ ಹುಟ್ಟಿಬಿಟ್ಟಿತ್ತು. ಶೂನ್ಯಮಾಸದಲ್ಲಿ ಮದುವೆಯ ಮಾತು ಎತ್ತುವಂತಿಲ್ಲ, ಎತ್ತದೆ ಸಂಕ್ರಾಂತಿಯವರೆಗೆ ಸುಮ್ಮನಿದ್ದರೆ ಹುಡುಗಿಗೆ ಬೇರೆ ಕಡೆ ನಿಶ್ಚಯವಾಗುವ ಸಂಭವ. ಸಂಜೀವಯ್ಯನವರು ನಶ್ಯ ಏರಿಸಿ ಒಂದು ಉಪಾಯ ಇಳಿಸಿದರು. ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಧನುರ್ಮಾಸದ ಒಂದು ಬೆಳಗಿನ ಪೂಜೆಯನ್ನು ಮಾವನ ಹೆಸರಿನಲ್ಲಿ ಮಾಡಿಸುವುದು; ಹುಡುಗಿಯ ಮನೆಯವರು ಅವತ್ತೇ ಹುಗ್ಗಿ ಪ್ರಸಾದಕ್ಕೆಂದು ಬಂದಿರುವುದು; ಸಂಕಲ್ಪದಲ್ಲಿ ಅರ್ಚಕರು ಮಾವನ ಗೋತ್ರ, ನಕ್ಷತ್ರ, ರಾಶಿಗಳನ್ನು ಮೈಕಿನಲ್ಲಿ ಹೇಳುವುದು; ಕೇಳಬೇಕಾದವರು ಕೇಳಿಸಿಕೊಳ್ಳುವುದು. "ಹೆಣ್ಣು ನೋಡೋದಲ್ಲ ಇದು, ಕಣ್ಣಿಗೆ ಬೀಳೋದು. ದೋಷ ಇಲ್ಲ" ಎಂದು ಅವರು ತೀರ್ಪಿತ್ತರು.

ಆ ಬೆಳಗಿನ ಜಾವ ಮಾವನನ್ನು ತಮ್ಮ ಲೇಖನದೊಳಕ್ಕೆ ತೂರಿಸುವ ಪುಣ್ಯಕಾರ್ಯ ನನ್ನದಾಗಿತ್ತು. ಬನಿಯನ್ನು, ಮೇಲೊಂದು ಬನಿಯನ್ನು, ಫ್ಲಾನೆಲ್ ಶರ್ಟು, ನಮ್ಮಪ್ಪನ ತೋಳಿಲ್ಲದ ಸ್ವೆಟರು, ಅದರ ಮೇಲೆ ಅಡ್ಡಪಟ್ಟೆಯ ಮಹಾಸ್ವೆಟರು, ಕತ್ತಿಗೆ ಮಫ್ಲರು. ಕಾಲುಗಳ ಬಗ್ಗೆ ತಾವು ಏನೂ ಅಪ್ಪಣೆ ಕೊಡಿಸಿರಲಿಲ್ಲವಾಗಿ ಪಂಚೆಯೊಳಗೆ ಅವು ಯಥಾಸ್ಥಿತಿಯಲ್ಲಿದ್ದವು. ತೋಳು ಕೆಳಗಿಳಿಯದೆ ಎರಡು ಪಕ್ಕಕ್ಕೂ ಚಾಚಿದ್ದ ಮಾವ, ಇಡೀ ರಸ್ತೆಯನ್ನು ಆಶೀರ್ವದಿಸುವವನಂತೆ ದೇವಸ್ಥಾನಕ್ಕೆ ನಡೆದ. ಮೈ ಬಂದಿತ್ತು, ಸುಳ್ಳಾಡಬಾರದು. ಅಜ್ಜಿಯ ಕಣ್ಣಲ್ಲಿ ನೀರು ಬಂತು.

ಕಾತ್ಯಾಯಿನಿಯವರು ಕ್ಯೂನಲ್ಲಿ ಅವರಜ್ಜಿಯ ಪಕ್ಕ ನಿಂತಿದ್ದರು. ಮೈಕೈ ತುಂಬಿದ ಹುಡುಗಿ. ಕಡುನೀಲಿಯ ತೆಳು ಸೀರೆ, ಮೇಲೆ ಸ್ವೆಟರಿಲ್ಲ, ಶಾಲಿಲ್ಲ. 'ಸೇಬು ಮೈಯವರು ಉಣ್ಣೆಯನ್ನು ಹತ್ತಿರ ಸೇರಿಸಬಾರದು. ಗಾಢವರ್ಣದ ತೆಳುವಸ್ತ್ರವೇ ಸಾಕು. ಅಡ್ಡಪಟ್ಟೆಯನ್ನಂತೂ ಕನಸಿನಲ್ಲೂ ಧರಿಸಬಾರದು' ಎಂಬುದು ನಮಗೂ ಬಾಯಿಗೆ ಬಂದಿದ್ದರಿಂದ, ಅವರ ಮನೆಗೂ ತಾವು ವಾರವಾರ ದಯಮಾಡಿಸುತ್ತೀರೆಂದು ಒಂದೇ ನೋಟಕ್ಕೆ ತಿಳಿಯಿತು. ಆಕೆ ಎಷ್ಟು ಸುಂದರವಾಗಿ ನಡುಗುತ್ತಿದ್ದರೆಂದರೆ, ಕೈಯಲ್ಲಿದ್ದ ತಟ್ಟೆಯ ತೆಂಗಿನಕಾಯಿ ಅರ್ಚಕರ ಗಂಟೆಗೆ ತಾಳ ಹಾಕುತ್ತಿತ್ತು.

ಮಾನ್ಯರೇ, ಆಗ ಅರ್ಚಕರು ಹೊರಗೆ ಇಣುಕಿ, "ಸೇವಾಕರ್ತರು ಯಾರ್ರೀ? ಶರ್ಟು ಬನಿಯನ್ನು ತೆಗೆದು ಸಂಕಲ್ಪಕ್ಕೆ ಬನ್ನಿ" ಎಂದರು.

ನಿವೃತ್ತ ಹೆಡ್‌ಮಾಸ್ತರು, ಧರ್ಮಸೂಕ್ಷ್ಮ ಬಲ್ಲ ಅಜ್ಜಿ, ವಾರಕ್ಕೆರಡು ಸಲ ಅದೇ ದೇವಸ್ಥಾನಕ್ಕೆ ಹೋಗುವ ಅಮ್ಮ, ಇಷ್ಟು ಜನರ ಪೈಕಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. "ಹೊಲಿದ ಬಟ್ಟೆ ಆಗಲ್ಲಮ್ಮ" ಎಂದ ಅರ್ಚಕರಿಗೆ ಅಜ್ಜಿ, "ಇದು ಹೊಲಿದಿದ್ದಲ್ಲ ಸ್ವಾಮಿ, ಹೆಣೆದಿದ್ದು" ಎಂದು ವಾದ ಹೂಡಿದರು. ಅರ್ಚಕರು ಒಂದು ಕ್ಷಣ ತಬ್ಬಿಬ್ಬಾದದ್ದು ನಿಜ. ಆಮೇಲೆ, "ಹುಗ್ಗಿ ಆರ್ತಾ ಇದೆ ಅಜ್ಜಿ" ಎಂದು ಪ್ರಕರಣ ಮುಗಿಸಿದರು.

ಮಾವ ಬಿಚ್ಚತೊಡಗಿದ. ಮಫ್ಲರು ನನ್ನ ಕೈಗೆ ಬಂತು. ಮಹಾಸ್ವೆಟರ್ ತಲೆಯ ಹತ್ತಿರ ಸಿಕ್ಕಿಕೊಂಡು, ಸಂಜೀವಯ್ಯನವರೂ ನಾನೂ ಒಂದೊಂದು ತೋಳು ಹಿಡಿದು ಎಳೆದೆವು. ಶರ್ಟಿನ ಹೊತ್ತಿಗೆ ಕ್ಯೂನಲ್ಲಿ ಯಾರೋ "ಇನ್ನೂ ಇದ್ಯಾ ಗುರೂ?" ಎಂದರು. ಎರಡನೆಯ ಬನಿಯನ್ನಿಗೆ ನಗು ಗರುಡಗಂಬದವರೆಗೆ ಹಬ್ಬಿತು. ಕೊನೆಗೆ ಜನಿವಾರ ಒಂದೇ ಉಳಿದ ಮಾವ ಯಾರನ್ನೂ ನೋಡದೆ ಒಳಗೆ ಹೋಗಿ ಕೂತ. ಆ ಬೆನ್ನನ್ನು ನೋಡಿ ನನಗೂ ನಗು ಬರಲಿಲ್ಲ. ಅರ್ಚಕರು ಗೋತ್ರ ನಕ್ಷತ್ರಗಳನ್ನು ಕೂಗಿ ಹೇಳಿದರು.

ಆಗ ಹುಡುಗಿಯ ಅಜ್ಜಿ ನೇರ ನನ್ನ ಬಳಿಗೆ ಬಂದರು. ನನ್ನ ತೋಳಿನ ಮೇಲಿದ್ದ ರಾಶಿಯನ್ನು ಬದನೆಕಾಯಿ ಆರಿಸುವಂತೆ ಕೆದಕಿ, ಹಳದಿ ಪಟ್ಟೆಯದನ್ನು ಹಿರಿದು, "ಹಾಕ್ಕೊಳೇ, ಯಾರ್ದಾದ್ರೇನು. ಹಲ್ಲು ಕಟಕಟ ಅನ್ನೋದು ದೇವರಿಗೂ ಕೇಳಿಸ್ತಿದೆ" ಎಂದು ಮೊಮ್ಮಗಳಿಗೆ ತೊಡಿಸಿಯೇಬಿಟ್ಟರು. ಅಳತೆ ತೆಗೆದು ಹೆಣೆದಂತೆ ಕೂತಿತು. ಒಳಗಿನಿಂದ ಇದನ್ನು ಕಂಡ ಮಾವ ಸಂಕಲ್ಪದಲ್ಲಿ 'ಮಮ' ಎನ್ನಬೇಕಾದ ಕಡೆ "ಹ್ಞೂಂ" ಎಂದ.

ಹುಗ್ಗಿ ಆಯಿತು, ಬಿಸಿಲೂ ಬಂತು. ಸ್ವೆಟರು ಆಟೋ ಹತ್ತಿ ಬನಶಂಕರಿಗೆ ಹೋಯಿತು. ತಾವು ಊಹಿಸಲಾರದ ಸಂಕಟ ಶುರುವಾದದ್ದು ಇಲ್ಲಿಂದ. ವಾಪಸ್ಸು ಕೇಳೋಣವೆಂದರೆ ಸಂಬಂಧ ಬೇಡವೆಂದಂತೆ. ಇಟ್ಟುಕೊಳ್ಳಿ ಎನ್ನೋಣವೆಂದರೆ ಬೇಕೆಂದಂತೆ. ಎರಡೂ ಮದುವೆಯ ಮಾತೇ, ಎರಡೂ ಶೂನ್ಯಮಾಸದಲ್ಲಿ ನಿಷಿದ್ಧ. ಅವರೇ ಪೊಟ್ಟಣ ಕಟ್ಟಿ ಕಳಿಸಿದರೆ ಮುಗಿಯಿತು, ಮಾವ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗೇಟಿನ ಸದ್ದಾದರೆ ಮಾವ ಎದ್ದು ನಿಲ್ಲುತ್ತಿದ್ದ. ಒಂದು ದಿನ ಸಂಜೀವಯ್ಯನವರು ಕಂಕುಳಲ್ಲಿ ಕಾಗದದ ದೊಡ್ಡ ಪೊಟ್ಟಣ ಇಟ್ಟುಕೊಂಡು ಬಂದಾಗ ಮಾವನ ಮುಖದಲ್ಲಿ ರಕ್ತವಿರಲಿಲ್ಲ. ಪೊಟ್ಟಣದಲ್ಲಿ ಅವರೆಕಾಯಿ ಇತ್ತು.

ಸಂಕ್ರಾಂತಿಯ ಸಂಜೆ, ಬಿಸಿಲು ಇನ್ನೂ ಇಳಿಯದ ಹೊತ್ತು, ಕಾತ್ಯಾಯಿನಿಯವರು ಎಳ್ಳು ಬೀರಲು ಬಂದರು. ರೇಷ್ಮೆ ಸೀರೆಯ ಮೇಲೆ ಹಳದಿ ಪಟ್ಟೆಯ ಸ್ವೆಟರ್. ಹಣೆಯ ಮೇಲೆ ಬೆವರು. "ಸೆಕೆ ಆಗಲ್ವೇನಮ್ಮ?" ಎಂದು ನಮ್ಮಮ್ಮ ಕೇಳಿದರೆ, "ಇಲ್ಲ ಅಕ್ಕ, ಅಭ್ಯಾಸ ಆಗ್ಬಿಟ್ಟಿದೆ" ಎಂದರು. ಮಾವ ಬರೀ ಬನಿಯನ್ನಿನಲ್ಲಿ ಬಾಗಿಲಿಗೆ ಬಂದವನು ಒಳಗೆ ಓಡಿಹೋಗುವುದನ್ನು ಮರೆತು ನಿಂತುಬಿಟ್ಟ. ಅಜ್ಜಿ ಎಳ್ಳಿನ ತಟ್ಟೆ ಹಿಡಿದುಕೊಂಡೇ ದೇವರ ಮನೆಗೆ ಹೋದರು.

ಈಗ ನನ್ನ ದೂರು. ಸೇಬಿನ ಮೇಲೆ ಅಡ್ಡಪಟ್ಟೆ ತಮ್ಮ ಹಿಮದ ದೊರೆಸಾನಿಗಿಂತ ಚೆನ್ನಾಗಿ ಕಂಡದ್ದಕ್ಕೂ, ಒಂದು ಪದರವೂ ಇಲ್ಲದೆ ಕೂತ ಕಡ್ಡಿಯು ಒಪ್ಪಿಗೆಯಾದದ್ದಕ್ಕೂ ತಾವು ಸಮಜಾಯಿಷಿ ಕೊಡಬೇಕು. ನಾಡಿನ ಸಮಸ್ತ ಸೇಬುಗಳ ಕ್ಷಮೆ ಕೋರಿ, ಅವರವರ ಶಾಲುಗಳನ್ನು ಅವರಿಗೆ ಹಿಂದಿರುಗಿಸಬೇಕು. ಸಂಕಲ್ಪವನ್ನು ಮಫ್ಲರಿನ ಮೇಲೆಯೇ ಸ್ವೀಕರಿಸುವಂತೆ ದೇವರಿಂದ ಲಿಖಿತ ಅನುಮತಿ ಕೊಡಿಸಬೇಕು. ಇಲ್ಲವೇ, ಲೇಖನಕ್ಕೆ ನ್ಯಾಯ ಸಲ್ಲುವಂತೆ ನಮ್ಮ ಟಿ ಬ್ಲಾಕಿನಲ್ಲಿ ಭಾನುವಾರಗಳಂದಾದರೂ ಹಿಮ ಬೀಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುವ,

ತಮ್ಮ ವಿಶ್ವಾಸಿ,
ಸೀನು
(ದ್ವಿತೀಯ ಪಿಯುಸಿ, ದ್ವಿತೀಯ ಪ್ರಯತ್ನ)

ತಾ. ಕ.: ಈ ಮದುವೆ ತಮ್ಮಿಂದಲೇ ಆಗುತ್ತಿರುವುದೆಂದು ಅಜ್ಜಿ ನಂಬಿ ಪತ್ರಿಕೆಗೆ ಮತ್ತೊಂದು ವರ್ಷದ ಚಂದಾ ಕಟ್ಟಿದ್ದಾರೆ, ಆ ಪಾಪ ತಮಗಿರಲಿ. ಮಾಘದಲ್ಲಿ ಲಗ್ನ. ಮಾವ ಜೆ.ಪಿ. ನಗರದಲ್ಲಿ ಬಾಡಿಗೆ ಮನೆ ನೋಡಿ ಬಂದ. ನನಗೆ ಬುದ್ಧಿ ಬಂದಾಗಿನಿಂದ ನಾನೂ ಅವನೂ ನಡುಮನೆಯಲ್ಲಿ ಒಂದೇ ರಗ್ಗಿನಡಿ ಮಲಗಿದವರು. ನಿಜ ಹೇಳಬೇಕೆಂದರೆ ತಮ್ಮ ಮೇಲೆ ನನ್ನ ದೂರೇನೂ ಇಲ್ಲ. ಮುಂದಿನ ಚಳಿಗೆ ಒಬ್ಬನೇ ಮಲಗುವವನು ಏನು ಹೊದೆಯಬೇಕೆಂದು ಸಾಧ್ಯವಾದರೆ ಬರೆಯಿರಿ.