ಮೂವತ್ತಾರು ಬಸ್ಕಿ

ಆ ಬೀದಿಯಲ್ಲಿ ಮಂಗಳವಾರ ನಡೆದ ರಾದ್ಧಾಂತಕ್ಕೆಲ್ಲ ಮೂಲ ಒಂದು ಗುಣಾಕಾರದ ಚಿಹ್ನೆ. ಅದನ್ನು ಹೊಡೆದುಹಾಕಿದವರು ಕರಡಪ್ಪನವರು. ಹೊಡೆದುಹಾಕುವಾಗ ಅವರಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಹೆಚ್ಚಿಗೆ ಒಂದು ಲೋಟ ಚಹಾ ತರಿಸಿಕೊಂಡು ಕುಡಿದಿದ್ದರು.

ಕರಡಪ್ಪ ಎಂಬುದು ಹುಟ್ಟಿದಾಗ ಇಟ್ಟ ಹೆಸರಲ್ಲ. ಬೀದಿಯ ತುದಿಯ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದ್ದಕ್ಕೆ ಸಿಕ್ಕ ಬಿರುದು. ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು, ಅದೂ ತಪ್ಪಾಗಿ. ಅವರಿಗೆ ಜಗತ್ತಿನಲ್ಲಿ ಆಗಿಬರದ ಸಂಗತಿ ಒಂದೇ: ಹೇಳಿದ್ದನ್ನೇ ಮತ್ತೆ ಹೇಳುವುದು. ಹೆಂಡತಿ ಎರಡನೇ ಸಲ ಊಟಕ್ಕೆ ಕರೆದರೂ "ಮೊದಲ್ನೇದು ಕೇಳಿಸ್ತು" ಅನ್ನುತ್ತಿದ್ದರು.

ಆದರೆ ಈಚೆಗೆ ಅವರ ಕಾಲ ಚೆನ್ನಾಗಿರಲಿಲ್ಲ. ಶಾಲೆಯೊಂದರ ವಾರ್ಷಿಕ ವರದಿಯಲ್ಲಿ ಮುಖ್ಯೋಪಾಧ್ಯಾಯರ ಭಾವಚಿತ್ರದ ಕೆಳಗೆ "ಕಳೆದುಹೋದ ವಸ್ತುಗಳು" ಎಂಬ ತಲೆಬರಹ ಅಚ್ಚಾಗಿಹೋಗಿತ್ತು. ಅದಾದ ತಿಂಗಳಿಗೆ ವಕೀಲರೊಬ್ಬರ ಲೆಟರ್‌ಹೆಡ್ಡಿನಲ್ಲಿ ಫೋನ್ ನಂಬರಿನ ಒಂದು ಅಂಕಿ ಬದಲಾಗಿ, ಕಕ್ಷಿದಾರರ ಕರೆಗಳೆಲ್ಲ ಒಂದು ಬೇಕರಿಗೆ ಹೋದವು. ಪ್ರೆಸ್ಸಿನ ಯಜಮಾನರು ಅವರನ್ನು ಕರೆಸಿ, ತಣ್ಣಗೆ ಹೇಳಿದ್ದರು: "ಕರಡಪ್ಪನೋರೇ, ಎರಡಾಯ್ತು. ಮೂರನೇದು ಆದ್ರೆ ನೀವು ಬೈಂಡಿಂಗ್ ಕಡೆ ಹೋಗ್ಬಿಡಿ." ಬೈಂಡಿಂಗ್ ಅಂದರೆ ಹಿಂದಿನ ಶೆಡ್ಡು, ಗೋಂದಿನ ಬಕೆಟ್ಟು, ದಿನವಿಡೀ ನಿಂತು ಕಾಗದ ಮಡಚುವ ಕೆಲಸ. ಐವತ್ತನಾಲ್ಕರ ವಯಸ್ಸಿನಲ್ಲಿ ಅದು ಕರಡಪ್ಪನವರಿಂದ ಆಗುವಂಥದ್ದಲ್ಲ. ಅವರಿಗೆ ಬರುತ್ತಿದ್ದ ವಿದ್ಯೆ ಇದೊಂದೇ. ಅದೂ ಕೈಬಿಟ್ಟರೆ ತಾನು ಯಾರು ಎಂಬ ಭಯ ಅವರನ್ನು ನಿಜಕ್ಕೂ ಕಾಡುತ್ತಿತ್ತು.

ಹೀಗಿರುವಾಗ, ಹೋದ ವಾರ ಎದುರಿನ ಜಿಮ್ಮಿನಿಂದ ಒಂದು ಚಾರ್ಟು ಅಚ್ಚಿಗೆ ಬಂತು. ಗೋಡೆಗೆ ಅಂಟಿಸಲು ಮೂರಡಿ ಎತ್ತರದ್ದು. ಕೈಬರಹದಲ್ಲಿ ಬರೆದುಕೊಟ್ಟ ಕೋಚು ಅದೇ ಸಂಜೆ ಹತ್ತು ದಿನ ಎಲ್ಲೋ ಸ್ಪರ್ಧೆಗೆಂದು ಹೊರಟುಹೋಗಿದ್ದ. ಕರಡಪ್ಪನವರು ಓದಿದರು. "ಬಸ್ಕಿ 3 × 12. ವಿಶ್ರಾಂತಿ 60 ಸೆಕೆಂಡು. ಪುಷ್ಅಪ್ 3 × 12. ವಿಶ್ರಾಂತಿ 60 ಸೆಕೆಂಡು." ಹೀಗೇ ಹತ್ತು ಸಾಲು, ಹತ್ತು ವಿಶ್ರಾಂತಿ. ಅವರಿಗೆ ಮೈ ಉರಿಯಿತು. ಮಗ್ಗಿ ಬಾರದವರೂ ಗೋಡೆಯ ಮೇಲಿನ ಲೆಕ್ಕ ಬಿಡಿಸುತ್ತ ನಿಲ್ಲಬೇಕೇ? ಎಲ್ಲ 3 × 12ಗಳನ್ನೂ ಅಚ್ಚುಕಟ್ಟಾಗಿ 36 ಮಾಡಿದರು. ಪ್ಲ್ಯಾಂಕಿನ 3 × 30 ಸೆಕೆಂಡನ್ನು "ಒಂದೂವರೆ ನಿಮಿಷ" ಎಂದು ಸುಂದರಗೊಳಿಸಿದರು. ವಿಶ್ರಾಂತಿಯನ್ನು ಹತ್ತು ಸಲ ಹೇಳುವುದು ಪುನರುಕ್ತಿ ದೋಷವಾದ್ದರಿಂದ ಒಂಬತ್ತನ್ನು ತೆಗೆದು, ಉಳಿದ ಒಂದನ್ನು ಕಟ್ಟಕಡೆಗೆ ಸೇರಿಸಿದರು. ಮೊದಲಲ್ಲಿದ್ದ "ವಾರ್ಮ್ ಅಪ್" ಮತ್ತು ಕೊನೆಯ "ಕೂಲ್ ಡೌನ್" ಎರಡರಲ್ಲೂ ಇದ್ದದ್ದು ಬಹುಪಾಲು ಅದೇ ಕೈಕಾಲು ಚಾಚುವಿಕೆ. ಎರಡನ್ನೂ ಕಿತ್ತರು. ಚಾರ್ಟು ಅರ್ಧ ಅಳತೆಗೆ ಇಳಿದು ಲಕ್ಷಣವಾಗಿ ಕಂಡಿತು. ಶನಿವಾರ ಅದು ಜಿಮ್ಮಿನ ಗೋಡೆ ಏರಿತು.

ಮಂಗಳವಾರ ಬೆಳಿಗ್ಗೆ ಕರಡಪ್ಪನವರು ಕೆಲಸಕ್ಕೆ ಹೊರಟಾಗ, ಮಹಡಿಯ ಮೇಲಿನ ಮನೆಯ ಟೈಲರು ಮೆಟ್ಟಿಲು ಇಳಿಯುತ್ತಿದ್ದ. ಮುಖ ಗೋಡೆಯ ಕಡೆ, ಬೆನ್ನು ಬೀದಿಯ ಕಡೆ, ಎರಡೂ ಕೈ ಕಂಬಿಯ ಮೇಲೆ. ಒಂದೊಂದು ಮೆಟ್ಟಿಲಿಗೂ ಒಂದೊಂದು "ಅಮ್ಮಾ".

"ಏನಪ್ಪಾ, ಬಿದ್ಯಾ?"

"ಇಲ್ಲ ಸಾರ್, ಜಿಮ್ಮು!" ಟೈಲರು ಹಲ್ಲು ಕಿರಿದ. ನೋವಿಗೋ ಹೆಮ್ಮೆಗೋ ಗೊತ್ತಾಗಲಿಲ್ಲ. "ಹೊಸ ಚಾರ್ಟು ಹಾಕಿದಾರೆ ನೋಡಿ. ಒಂದೇ ಉಸಿರಿಗೆ ಮೂವತ್ತಾರು ಬಸ್ಕಿ. ಎದ್ದ ತಕ್ಷಣ ಮೂವತ್ತಾರು ಪುಷ್ಅಪ್. ನಿನ್ನೆಯಿಂದ ಮಷೀನ್ ತುಳಿಯಕ್ಕೇ ಆಗ್ತಿಲ್ಲ."

ಕರಡಪ್ಪನವರಿಗೆ ಏನೂ ಹೊಳೆಯಲಿಲ್ಲ. ಜಿಮ್ಮು ಎಂದರೆ ಹೀಗೇ ಇರಬೇಕು ಎಂದುಕೊಂಡು ಮುಂದೆ ನಡೆದರು. ಮೂಲೆಯ ಕ್ಷೌರದಂಗಡಿಯಲ್ಲಿ ಕ್ಷೌರಿಕ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಗಿರಾಕಿಯ ತಲೆಯ ಮೇಲೆ ಇಡುತ್ತಿದ್ದ. ಕತ್ತರಿ ನಡುಗುತ್ತಿತ್ತು, ಗಿರಾಕಿ ಅದಕ್ಕಿಂತ ಹೆಚ್ಚು ನಡುಗುತ್ತಿದ್ದ. ಪ್ರೆಸ್ಸಿಗೆ ಬಂದರೆ ಮಷೀನ್ ಓಡಿಸುವವನು ಸ್ಟೂಲಿನ ಮೇಲೆ ಕೂರಲು ಮೂರು ಸಲ ಪ್ರಯತ್ನಿಸಿ, ಕೊನೆಗೆ ನಿಂತೇ ತಿಂಡಿ ತಿನ್ನುತ್ತಿದ್ದ.

"ನೀನೂ ಜಿಮ್ಮಿಗೆ ಹೋಗ್ತೀಯೇನೋ?"

"ಹೂಂ ಸಾರ್. ಅದೇನು ಚಾರ್ಟು ಸಾರ್ ಅದು! ಬರೆದೋನು ಮನುಷ್ಯನೇ ಅಲ್ಲ."

ಈಗ ಕರಡಪ್ಪನವರಿಗೆ ಅನುಮಾನ ಹತ್ತಿತು. ನೇರವಾಗಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹುಡುಗಿಯ ಬಳಿಗೆ ಹೋದರು. ಅವಳು ಮೊಬೈಲ್ ನೋಡಿಕೊಂಡು ಮನೆಯಲ್ಲೇ ವ್ಯಾಯಾಮ ಮಾಡುವವಳು.

"ಏನಮ್ಮಾ, ಈ ಮೂರು ಇಂಟು ಹನ್ನೆರಡು ಅಂದ್ರೆ ಮೂವತ್ತಾರೇ ತಾನೇ?"

ಹುಡುಗಿ ಕೀಬೋರ್ಡಿನಿಂದ ಕೈ ತೆಗೆದಳು. "ಅಯ್ಯೋ ಸಾರ್! ಒಂದ್ಸಲ ಕೂತು ಎದ್ರೆ ಅದು ಒಂದು ರೆಪ್ಪು. ಹನ್ನೆರಡು ರೆಪ್ ಸೇರಿದ್ರೆ ಒಂದು ಸೆಟ್ಟು. ಒಂದು ಸೆಟ್ ಮುಗಿಸಿ ಒಂದು ನಿಮಿಷ ಸುಧಾರಿಸ್ಕೋಬೇಕು. ಆಮೇಲೆ ಎರಡನೇ ಸೆಟ್ಟು, ಆಮೇಲೆ ಮೂರನೇದು. ಒಟ್ಟಿಗೆ ಮಾಡಿದ್ರೆ ಸತ್ತೇಹೋಗ್ತಾರೆ."

"ವಾರ್ಮ್ ಅಪ್ಪು ಅಂದ್ರೆ?"

"ಶುರು ಮಾಡೋಕೆ ಮುಂಚೆ ಮೈ ಬಿಸಿ ಮಾಡ್ಕೊಳ್ಳೋದು. ಅದಿಲ್ದೆ ಮಾಡಿದ್ರೆ ಮೈ ಹಿಡ್ಕೊಂಡ್ಬಿಡತ್ತೆ." ಅವಳು ಅವರ ಮುಖ ನೋಡಿದಳು. "ಸಾರ್... ಅದನ್ನೂ ತೆಗೆದ್ರಾ? ನೀವು ತಿದ್ದಿದ್ದೀರ ಅಂತ ನಾನು ಹಾಗೇ ಟೈಪ್ ಮಾಡ್ಬಿಟ್ಟೆ."

ಕರಡಪ್ಪನವರು ಮೇಜು ಹಿಡಿದುಕೊಂಡರು. ಮೂರನೇ ತಪ್ಪು! ಅದೂ ಸಾಮಾನ್ಯದ್ದಲ್ಲ, ಬೀದಿಯ ತುಂಬ ಕುಂಟುತ್ತ ಓಡಾಡುವ ತಪ್ಪು. ಕಣ್ಣ ಮುಂದೆ ಗೋಂದಿನ ಬಕೆಟ್ಟು ತೇಲಿತು.

"ಚೀಟಿ ಮಾಡಿ ಅಂಟಿಸ್ಬಿಡಿ ಸಾರ್," ಎಂದಳು ಹುಡುಗಿ. ಅವಳ ಮನಸ್ಸು ಒಳ್ಳೆಯದು. "ಅದೇ ಅಕ್ಷರ, ಅದೇ ಬಣ್ಣ. ಯಜಮಾನ್ರಿಗೆ ಗೊತ್ತೇ ಆಗಲ್ಲ. ನಾಲ್ಕು ಗಂಟೆಗೆ ಜಿಮ್ಮು ಖಾಲಿ ಇರತ್ತೆ."

ನಾಲ್ಕು ಗಂಟೆಗೆ ಕರಡಪ್ಪನವರು ಜೇಬಿನಲ್ಲಿ ಇಪ್ಪತ್ತೆರಡು ಅಂಟುಚೀಟಿ ಇಟ್ಟುಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಜಿಮ್ಮಿನೊಳಗೆ ಕಾಲಿಟ್ಟರು. ಒಳಗೆ ರಬ್ಬರಿನ ಮತ್ತು ಬೆವರಿನ ವಾಸನೆ. ಚಾರ್ಟು ಎದುರು ಗೋಡೆಯಲ್ಲಿತ್ತು. ಇನ್ನು ನಾಲ್ಕೇ ಹೆಜ್ಜೆ.

"ಬನ್ನಿ ಬನ್ನಿ ಬನ್ನಿ! ಹೊಸಬ್ರಾ?"

ಬೆಂಚಿನ ಮೇಲೆ ಮಲಗಿದ್ದವನೊಬ್ಬ ದಡಕ್ಕನೆ ಎದ್ದ. ಅವನು ಜಿಮ್ಮಿನ ಸಾಹುಕಾರನ ಹೆಂಡತಿಯ ತಮ್ಮ. ಊರೆಲ್ಲ ಅವನನ್ನು ಭಾಮೈದ ಎಂದೇ ಕರೆಯುತ್ತಿತ್ತು. ಹೋದ ತಿಂಗಳವರೆಗೆ ಕೊಡೆ ಮಾರುತ್ತಿದ್ದವನು, ಕೋಚು ಬರುವ ತನಕ ಉಸ್ತುವಾರಿಗೆ ನಿಂತಿದ್ದ. ಚಾರ್ಟೊಂದೇ ಅವನ ಗುರು.

"ಇಲ್ಲಪ್ಪ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ..."

"ನೋಡಿದ್ರೆ ಹೊಟ್ಟೆ ಕರಗಲ್ಲ ಸಾರ್. ಮೊದಲ್ನೇ ದಿನ ಫ್ರೀ. ಚಪ್ಪಲಿ ಬಿಡಿ, ನಿಂತ್ಕೊಳ್ಳಿ. ಹಾಂ, ಒಂದು!"

ಬಂದ ಕಾರಣ ಹೇಳುವಂತಿಲ್ಲ. ಕರಡಪ್ಪನವರು ಕುಳಿತು ಎದ್ದರು. ಎರಡು. ಮೂರು. ಎಂಟಕ್ಕೆ ಮೊಣಕಾಲು ಸದ್ದು ಮಾಡಿದವು. ಹನ್ನೆರಡಕ್ಕೆ ಉಸಿರು ಗಂಟಲಿಗೆ ಬಂತು. ಅವರು ನಿಂತುಬಿಟ್ಟರು.

"ಯಾಕೆ ಸಾರ್?"

"ಹನ್ನೆರಡಾಯ್ತಲ್ಲಪ್ಪ. ಒಂದು ಸೆಟ್ಟು ಅಂತಾರಲ್ಲ... ಒಂದು ನಿಮಿಷ ಸುಧಾರಿಸ್ಕೊಂಡು..."

"ಯಾರ್ ಹೇಳಿದ್ದು ನಿಮಗೆ?" ಭಾಮೈದ ಚಾರ್ಟಿನತ್ತ ಭಕ್ತಿಯಿಂದ ಕೈ ತೋರಿಸಿದ. "ಅಲ್ಲಿ ಅಚ್ಚಾಗಿದೆ ನೋಡಿ. ಅಚ್ಚಾಗಿದೆ ಅಂದ್ರೆ ಸುಮ್ನೆ ಅಲ್ಲ ಸಾರ್. ಅದನ್ನ ಓದೋಕೆ ಅಂತ್ಲೇ ಒಬ್ರನ್ನ ಕೂರಿಸಿರ್ತಾರೆ. ಒಂದೊಂದು ಅಂಕಿನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿರ್ತಾರೆ. ಅಂಥೋರ ಮೇಲೆ ನಂಬಿಕೆ ಇಡ್ಬೇಕು. ಹದಿಮೂರು!"

ಇಪ್ಪತ್ತಾರು ವರ್ಷದಲ್ಲಿ ಕರಡು ತಿದ್ದುವವರ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತಾಡಿದ್ದನ್ನು ಕರಡಪ್ಪನವರು ಕೇಳಿರಲಿಲ್ಲ. ಕೇಳುವ ಯೋಗ ಬಂದದ್ದು ಇಂಥ ಹೊತ್ತಿನಲ್ಲಿ! ಅವರ ಕಣ್ಣಲ್ಲಿ ನೀರು ಬಂತು. ಭಾಮೈದ ಅದನ್ನು ಬೆವರೆಂದು ತಿಳಿದು ಟವೆಲು ಕೊಟ್ಟ.

ಮೂವತ್ತಾರು ಬಸ್ಕಿ ಮುಗಿಯುವಷ್ಟರಲ್ಲಿ ಕಾಲುಗಳು ಅವರ ಮಾತು ಕೇಳುವುದನ್ನು ನಿಲ್ಲಿಸಿದ್ದವು. ಪುಷ್ಅಪ್ಪಿನಲ್ಲಿ ಐದನೆಯದಕ್ಕೆ ನೆಲಕ್ಕೆ ಇಳಿದವರು ಮತ್ತೆ ಏಳಲಿಲ್ಲ. ಉಳಿದ ಮೂವತ್ತೊಂದನ್ನು ಭಾಮೈದನೇ ಸೊಂಟ ಹಿಡಿದೆತ್ತಿ ಮಾಡಿಸಿದ. ಪ್ಲ್ಯಾಂಕಿನಲ್ಲಿ ಮೊಣಕೈಗಳ ಮೇಲೆ ಮೈ ಚಾಚಿ ಹಲಗೆಯ ಹಾಗೆ ನಿಂತಾಗ, ತಾವೇ ಬರೆದ "ಒಂದೂವರೆ ನಿಮಿಷ" ಎಂಬ ಎರಡು ಪದಗಳು ಎಷ್ಟು ಉದ್ದವಾಗಿವೆ ಎಂಬುದು ಅವರಿಗೆ ಮೊದಲ ಸಲ ಅರ್ಥವಾಯಿತು.

ಅಷ್ಟರಲ್ಲಿ ಫೋನ್ ಬಂದು ಭಾಮೈದ ಮಾತಾಡುತ್ತ ಹೊರಗೆ ಹೋದ. ಕರಡಪ್ಪನವರು ತೆವಳುತ್ತ ಗೋಡೆ ಮುಟ್ಟಿದರು. ಕೆಳಗಿನ ಸಾಲುಗಳಿಗೆ ಮಂಡಿಯೂರಿ ಅಂಟಿಸಿದರು. ಮೇಲಿನವಕ್ಕೆ ಕೈ ಎತ್ತಲಾಗದೆ ಬೆಂಚು ಹತ್ತಿ, ಗದ್ದದಿಂದ ಒತ್ತಿ ಕೂರಿಸಿದರು. "12 ರೆಪ್, 3 ಸೆಟ್", ಪ್ಲ್ಯಾಂಕಿಗೆ "30 ಸೆಕೆಂಡು, 3 ಸೆಟ್", ಪ್ರತಿಯೊಂದರ ಕೆಳಗೂ "ವಿಶ್ರಾಂತಿ 60 ಸೆಕೆಂಡು". ಹತ್ತಕ್ಕೆ ಹತ್ತೂ ಸಾಲು. ಮೇಲೆ ವಾರ್ಮ್ ಅಪ್, ಕೆಳಗೆ ಕೂಲ್ ಡೌನ್. ಎಲ್ಲ ಮುಗಿದಾಗ ಒಮ್ಮೆ ಮೇಲಿಂದ ಕೆಳಗೆ ಓದಿದರು. ಒಂದೂ ತಪ್ಪಿರಲಿಲ್ಲ.

ಮನೆಯ ಬಾಗಿಲಲ್ಲಿ ಹೆಂಡತಿ ಕೂಗಿಕೊಂಡರು. "ಏನ್ರೀ ಇದು, ಯಾರ ಹತ್ರ ಹೊಡೆಸ್ಕೊಂಡು ಬಂದ್ರಿ?"

"ಯಾರೂ ಇಲ್ಲ ಕಣೇ. ನಾನೇ." ಹೇಳಿ, ಗೋಡೆ ಹಿಡಿದುಕೊಂಡು ಹೋಗಿ ಹಾಸಿಗೆಯ ಮೇಲೆ ಬೋರಲು ಬಿದ್ದರು. ಮೈಯ ಯಾವ ಭಾಗ ಯಾವುದೆಂದು ತಿಳಿಯದಷ್ಟು ನೋವಿದ್ದರೂ ಮನಸ್ಸು ಹೂವಿನಷ್ಟು ಹಗುರವಾಗಿತ್ತು. ತಪ್ಪು ಸರಿಯಾಗಿದೆ, ಯಾರಿಗೂ ತಿಳಿದಿಲ್ಲ, ಕೆಲಸ ಉಳಿಯಿತು.

ಏಳು ಗಂಟೆಗೆ ಪ್ರೆಸ್ಸಿನಿಂದ ಫೋನು. "ಈಗ್ಲೇ ಬನ್ನಿ," ಎಂದರು ಯಜಮಾನರು. ದನಿ ತಣ್ಣಗಿತ್ತು.

ಯಜಮಾನರ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಜಿಮ್ಮಿನ ಸಾಹುಕಾರ, ಭಾಮೈದ, ಟೈಲರು, ಕ್ಷೌರಿಕ. ಕುರ್ಚಿಗಳೆಲ್ಲ ಖಾಲಿ. ಕೂರುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

"ಇವ್ರೇ! ಇವ್ರೇ ನಾಕು ಗಂಟೆಗೆ ಬಂದಿದ್ದು!" ಭಾಮೈದ ಕಿರುಚಿದ. "ನಾನು ಹೊರಗೆ ಹೋದಾಗ ಚಾರ್ಟನ್ನೇ ಕೆಡಿಸಿ ಹೋಗಿದಾರೆ!"

ಸಾಹುಕಾರ ಕಿತ್ತುತಂದಿದ್ದ ಒಂದು ಚೀಟಿಯನ್ನು ಮೇಜಿನ ಮೇಲೆ ಇಟ್ಟ. "ಏನ್ರೀ ಇದು? ವಿಶ್ರಾಂತಿ, ವಿಶ್ರಾಂತಿ, ವಿಶ್ರಾಂತಿ! ನಾನು ನಡೆಸ್ತಿರೋದು ಜಿಮ್ಮೋ ಧರ್ಮಛತ್ರವೋ? ಎರಡು ವರ್ಷದಿಂದ ಹತ್ತೊಂಬತ್ತು ಜನ ಬರ್ತಿದ್ರು. ಈ ಚಾರ್ಟು ಹಾಕಿ ಮೂರು ದಿನಕ್ಕೆ ಐವತ್ತಾಗಿದಾರೆ. ಕುಂಟೋರನ್ನ ನೋಡಿ ನೋಡಿ ಜನ ಹುಡುಕ್ಕೊಂಡು ಬರ್ತಿದಾರೆ. ನೋವು ಬಂದ್ರೇನೇ ಅವ್ರಿಗೆ ನಂಬಿಕೆ."

"ನಾನು ಅತ್ತೆ ಮನೆಗೆಲ್ಲ ಫೋನ್ ಮಾಡಿ ಹೇಳಿದೀನಿ ಸಾರ್, ಒಂದೇ ಉಸಿರಿಗೆ ಮೂವತ್ತಾರು ಅಂತ," ಎಂದ ಟೈಲರು ದುಃಖದಿಂದ. "ಈಗ ಹನ್ನೆರಡಕ್ಕೆ ಕೂತ್ಕೋ ಅಂದ್ರೆ ಮುಖ ಎಲ್ಲಿಡ್ಲಿ?"

"ಕರಡಪ್ಪನೋರೇ," ಎಂದರು ಯಜಮಾನರು, "ಇದು ಮೂರನೇದು."

ಕರಡಪ್ಪನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಪ್ಪು ಮಾಡಿದಾಗ ಸುಮ್ಮನಿದ್ದ ಜಗತ್ತು, ಸರಿಪಡಿಸಿದ ಮೇಲೆ ಕೊರಳು ಹಿಡಿದಿತ್ತು. ಆದದ್ದಾಗಲಿ ಎಂದು ಬಾಯಿಬಿಟ್ಟರು. "ಚೀಟೀಲಿರೋದೇ ಸರಿ ಸಾರ್. ಮೊದಲು ಮೂವತ್ತಾರು ಅಂತ ಹಾಕಿದ್ನಲ್ಲ, ಅದೇ ತಪ್ಪು. ಕೋಚು ಬರೆದಿದ್ದು ಮೂರು ಇಂಟು ಹನ್ನೆರಡು."

"ಹನ್ನೆರಡು ಮೂರಲೆ ಎಷ್ಟು?" ಎಂದ ಸಾಹುಕಾರ.

"ಮೂವತ್ತಾರು."

"ಮತ್ತೆ ತಪ್ಪೆಲ್ಲಿದೆ?"

ಹೀಗೆ ಕೇಳಿದ ಸಾಹುಕಾರನ ಮುಖ ಇದ್ದಕ್ಕಿದ್ದಂತೆ ಅರಳಿತು. "ತಾಳಿ ತಾಳಿ. ಹಾಗಾದ್ರೆ ಆ ಮೊದಲ್ನೇ ಚಾರ್ಟನ್ನ ಹಾಗೆ ಮಾಡಿದ್ದು ಕೋಚಲ್ಲ, ನೀವು!" ಅವನು ಯಜಮಾನರ ಕಡೆ ತಿರುಗಿದ. "ಇವ್ರನ್ನ ಎಲ್ಲೂ ಕಳಿಸ್ಬೇಡಿ. ಇನ್ಮೇಲೆ ನನ್ನ ಅಚ್ಚಿನ ಕೆಲಸ ಎಲ್ಲಾ ನಿಮಗೇ. ಆದ್ರೆ ಒಂದು ಷರತ್ತು, ಚಾರ್ಟನ್ನ ಇವ್ರೇ ತಿದ್ಬೇಕು. ಮತ್ತೆ ಹೀಗೆ ಮನಸ್ಸು ಬದಲಾಯಿಸ್ದೆ ಇರೋ ಹಾಗೆ, ತಿದ್ದಿದ್ದನ್ನ ಮೊದಲು ತಾವೇ ಮಾಡಿ ನೋಡ್ಬೇಕು. ದಿನಾ ಬೆಳಿಗ್ಗೆ ಆರು ಗಂಟೆಗೆ."

"ಖಂಡಿತ ಮಾಡ್ತಾರೆ," ಎಂದರು ಯಜಮಾನರು, ಕರಡಪ್ಪನವರನ್ನು ಕೇಳದೆಯೇ.

ಸಾಹುಕಾರ ಜೇಬಿನಿಂದ ಮಡಚಿದ ಹಾಳೆ ತೆಗೆದ. ಕೋಚು ಹೋಗುವ ಮುಂಚೆಯೇ ಬರೆದಿಟ್ಟಿದ್ದ ಮುಂದಿನ ತಿಂಗಳ ಚಾರ್ಟು ಅದು. ಮೇಜಿನ ಮೇಲೆ ಹರಡಿ ಕೆಂಪು ಪೆನ್ನು ಪಕ್ಕಕ್ಕಿಟ್ಟ. ಮೊದಲ ಸಾಲು: "ಬಸ್ಕಿ 5 × 20. ನಡುನಡುವೆ ವಿಶ್ರಾಂತಿ 90 ಸೆಕೆಂಡು."

ಈ ಸಲ ಕರಡಪ್ಪನವರಿಗೆ ಒಂದೊಂದು ಅಕ್ಷರವೂ ಅರ್ಥವಾಗುತ್ತಿತ್ತು. ಟೈಲರು, ಕ್ಷೌರಿಕ, ಭಾಮೈದ ಮೂವರೂ ಆಸೆಯಿಂದ ಬಗ್ಗಿ ನೋಡುತ್ತಿದ್ದರು. ಬಗ್ಗುವಾಗ ಮೂವರ ಬಾಯಿಂದಲೂ "ಅಮ್ಮಾ" ಬಂತು. ಯಜಮಾನರು ಕೈಕಟ್ಟಿ ಕಾಯುತ್ತಿದ್ದರು.

"ಇದನ್ನ... ಹೀಗೇ ಅಚ್ಚಿಗೆ ಕೊಡೋಣವಾ?" ಕರಡಪ್ಪನವರು ಸಣ್ಣ ದನಿಯಲ್ಲಿ ಕೇಳಿದರು.

"ಛೆ ಛೆ," ಎಂದ ಸಾಹುಕಾರ. "ನೀವು ಹೋದ ಸಲದ ಹಾಗೆ ಚೆನ್ನಾಗಿ ಓದಿ, ತಿದ್ದಿ ಸಾರ್."

ಕರಡಪ್ಪನವರು ಪೆನ್ನು ತೆಗೆದುಕೊಂಡು, 5 × 20 ಎಂಬುದನ್ನು ಹೊಡೆದುಹಾಕಿ ಅದರ ಮೇಲೆ 100 ಎಂದು ಬರೆದರು. ಆಮೇಲೆ ವಿಶ್ರಾಂತಿಯ ಮೇಲೂ ಗೆರೆ ಎಳೆದರು.