ಮರ್ವ್ ಬಿತ್ತಿದ ಕಲ್ಲುಗಳು

ಎಲ್ಲದಕ್ಕೂ ಕಾರಣ ಒಂದು ಐಸ್‌ಕ್ರೀಮ್ ಡಬ್ಬಿ.

ವಾರಿಂಡಾ ಊರಿನಲ್ಲಿ ಐಸ್‌ಕ್ರೀಮ್ ಮುಗಿದರೂ ಡಬ್ಬಿಯ ಆಯಸ್ಸು ಮುಗಿಯುವುದಿಲ್ಲ. ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ನಾಯಿಯ ಊಟ, ಮತ್ತೊಂದರಲ್ಲಿ ತೀರಿಹೋದ ಚಿಕ್ಕಪ್ಪನ ಬೂದಿ. ಊರಿನ ಪಳೆಯುಳಿಕೆ ಮ್ಯೂಸಿಯಮ್ಮಿನಲ್ಲಂತೂ ಕಪಾಟಿನ ತುಂಬ ವೆನಿಲಾ ಡಬ್ಬಿಗಳೇ. ಕ್ವೀನ್ಸ್‌ಲ್ಯಾಂಡಿನ ಈ ಒಣ ಬಯಲು ಸಮುದ್ರವಾಗಿದ್ದಾಗ, ಹತ್ತು ಕೋಟಿ ವರ್ಷಗಳ ಹಿಂದೆ, ರಾಜಠೀವಿಯಿಂದ ಈಜಾಡಿಕೊಂಡಿದ್ದ ಪ್ರಾಣಿಗಳು ಕಲ್ಲಾಗಿ, ಈಗ ಆ ಡಬ್ಬಿಗಳೊಳಗೆ ಮುದುಡಿ ಮಲಗಿದ್ದವು.

ಮರ್ವ್ ಕ್ಲೆಗ್ ಅಲ್ಲಿಯ ಆಳು. ನೆಲ ಗುಡಿಸುವುದು, ಹಿಂಬದಿಯ ಅಗೆಯುವ ಬಯಲಿಗೆ ಬರುವ ಪ್ರವಾಸಿಗರಿಗೆ ಸುತ್ತಿಗೆ, ಬಕೆಟ್ಟು ಕೊಡುವುದು, ಇವು ಊರಿಗೆ ಗೊತ್ತಿದ್ದ ಅವನ ಕೆಲಸಗಳು. ಗೊತ್ತಿಲ್ಲದ ಕೆಲಸವೂ ಒಂದಿತ್ತು. ಆ ಬಯಲಿನಲ್ಲಿದ್ದ ಚಿಪ್ಪು, ಮೀನಿನ ಹಲ್ಲು ಎಲ್ಲವನ್ನೂ ಪ್ರವಾಸಿಗರು ಎಂದೋ ಹೆಕ್ಕಿಕೊಂಡು ಹೋಗಿಯಾಗಿತ್ತು. ಬಂದವರು ಬರಿಗೈಯಲ್ಲಿ ಹೋದರೆ ಮತ್ತೆ ಬರುತ್ತಾರೆಯೇ? ಅದಕ್ಕೇ ಮ್ಯೂಸಿಯಮ್ಮಿನ ಯಜಮಾನಿ ಗ್ಲೆನಿಸ್ ಹ್ಯಾಡ್ಲೋ ಒಂದು ಉಪಾಯ ಹೂಡಿದ್ದಳು. ಸುತ್ತಲಿನ ದನಗಾವಲುಗಳಿಂದ ತಂದ ಒಡಕು ಚೂರುಗಳನ್ನು ಮರ್ವ್ ದಿನಾ ಬೆಳಕು ಹರಿಯುವ ಮುಂಚೆ ಬಯಲಿಗೆ ಎರಚಿ, ಕಾಲಿನಿಂದ ಒಂದಿಷ್ಟು ಮಣ್ಣೆಳೆದು ಬರಬೇಕು. ಕೋಳಿಗೆ ಕಾಳು ಹಾಕಿದ ಹಾಗೆ.

"ಇದು ಹೊರಗೆ ಗೊತ್ತಾದ್ರೆ ನಿನ್ನ ಕಥೆ ಮುಗೀತು ಅಂತ ತಿಳ್ಕೋ," ಎಂದಿದ್ದಳು ಗ್ಲೆನಿಸ್.

ಮರ್ವ್ ಈ ಮಾತಿಗೆ ನಡುಗುತ್ತಿದ್ದುದಕ್ಕೆ ಕಾರಣವಿತ್ತು. ಕಸಾಯಿಖಾನೆ, ಪೆಟ್ರೋಲ್ ಬಂಕು, ಬೇಕರಿ ಎಂದು ಅವನು ಊರಿನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಟ್ಟಿ, ಒಂದೊಂದಾಗಿ ಹೊರದಬ್ಬಿಸಿಕೊಂಡು ಇಲ್ಲಿಗೆ ಬಂದಿದ್ದ. ಇನ್ನು ತಟ್ಟಲು ವಾರಿಂಡಾದಲ್ಲಿ ಬಾಗಿಲೇ ಉಳಿದಿರಲಿಲ್ಲ.

ಆ ದಿನ ಬೆಳಗ್ಗೆಯೂ ಅವನು ಅರೆಗತ್ತಲಲ್ಲಿ ಕಪಾಟಿಗೆ ಕೈಹಾಕಿ, ಕೈಗೆ ಸಿಕ್ಕ ಡಬ್ಬಿಯನ್ನು ಒಯ್ದು, ಆಕಳಿಸುತ್ತಲೇ ಬಿತ್ತಿ ಬಂದ. ಖಾಲಿ ಡಬ್ಬಿ ತೊಳೆದು ಬೋರಲು ಹಾಕಿದ. ಟೀ ಕುಡಿದ. ಎರಡನೇ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದಾಗ ಗ್ಲೆನಿಸ್ ಬಾಗಿಲಲ್ಲಿ ತಲೆ ಹಾಕಿದಳು.

"ಮೂರು ಗಂಟೆಗೆ ಬ್ರಿಸ್ಬೇನಿಂದ ಡಾಕ್ಟರ್ ಇಮೋಜನ್ ಫೇರ್ ಬರ್ತಿದಾರೆ, ನೆನಪಿದೆ ತಾನೆ? ಆ ಅಮೊನೈಟ್ ತಗೊಂಡ್ ಹೋಗೋಕೆ. ನೆಲ ಒರೆಸು. ನಿನ್ನ ಮುಖಾನೂ ಒರೆಸ್ಕೋ."

ಬಿಸ್ಕತ್ತು ಮುರಿದು ಟೀಯೊಳಗೆ ಮುಳುಗಿತು.

ಆ ಅಮೊನೈಟನ್ನು ಮರ್ವ್ ದೂರದಿಂದ ಒಂದೇ ಸಲ ನೋಡಿದ್ದ. ಕಲ್ಲಾದ ಕಡಲಜೀವಿಯೊಂದರ ಅಂಗೈಯಗಲದ ಸುರುಳಿ ಚಿಪ್ಪು, ಮೈತುಂಬ ಕಂದು ಮಣ್ಣು. ಅದರ ಬಾಯೊಳಗೆ ದವಡೆ ಹಾಗೆಯೇ ಉಳಿದಿದೆಯಂತೆ. ದವಡೆ ಉಳಿದ ಅಮೊನೈಟ್ ಸಿಗುವುದೆಂದರೆ ಹೆಬ್ಬಾವಿನ ಹೊಟ್ಟೆಯಲ್ಲಿ ಕೋಳಿಮರಿ ನಗುನಗುತ್ತ ಸಿಕ್ಕ ಹಾಗೆ ಎಂದು ಗ್ಲೆನಿಸ್ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದನ್ನೂ ಅದರ ಸುತ್ತ ಸಿಕ್ಕ ಚೂರುಗಳನ್ನೂ ಒಂದು ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟಿದ್ದಳು. ಅದೇ ವೆನಿಲಾ ಡಬ್ಬಿ.

ಮರ್ವ್‌ಗೆ ಆಗ ನೆನಪಾಯಿತು. ನಿನ್ನೆ ಸಂಜೆ ಬಿತ್ತುವ ಡಬ್ಬಿಗೆ ಚೂರು ತುಂಬಿಡುವುದನ್ನು ಮರೆತು ಅವನು ಮನೆಗೆ ಹೋಗಿದ್ದ. ಹಾಗಾದರೆ ಬೆಳಗ್ಗೆ ಬಿತ್ತಿದ್ದು ಏನನ್ನು?

ಓಡಿಹೋಗಿ ಕಪಾಟು ತೆರೆದ. ಅಮೊನೈಟಿನ ಡಬ್ಬಿ ಇದ್ದ ಅಂಕಣ ಖಾಲಿ. ಅವನನ್ನೇ ನೋಡುತ್ತಿದ್ದ ಒಂದು ಹಲ್ಲಿ ಮಾತ್ರ ಇತ್ತು.

ಅವನು ಬಯಲಿಗೆ ಓಡುವಷ್ಟರಲ್ಲಿ ಟೂವೂಂಬಾದಿಂದ ಬಂದ ಬಸ್ಸೊಂದು ನಿವೃತ್ತರನ್ನು ಇಳಿಸುತ್ತಿತ್ತು. ಅಗಲ ಟೋಪಿ, ಮೊಣಕಾಲಿಗೆ ಮೆತ್ತೆ, ಮೂಗಿಗೆ ಬಿಳಿ ಲೇಪ. ಇಡೀ ಸೈನ್ಯ ಬಯಲಿಗಿಳಿದು, ಮೇಯಲು ಬಿಟ್ಟ ಕುರಿಗಳಂತೆ ನೆಲಕ್ಕೆ ಮೂಗು ಹಚ್ಚಿತು. 

ಬಾಯಿ ಬಿಡುವಂತಿಲ್ಲ. ಒಬ್ಬೊಬ್ಬರ ಬಕೆಟ್ಟಿನೊಳಗೆ ಇಣುಕಬೇಕು, ಅಷ್ಟೇ. ಮೊದಲಿಗೆ ಎನಿಡ್ ಎಂಬ ಮುದುಕಿಯ ಬಳಿ ಹೋಗಿ ಹಲ್ಲು ಕಿರಿದ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಗಸು.

"ಏನಾದ್ರೂ ಸಿಕ್ತಾ ಅಜ್ಜೀ?"

"ಅಜ್ಜಿ ಅಂದ್ರೆ ಹಲ್ಲು ಉದುರತ್ತೆ. ಎನಿಡ್ ಅನ್ನು."

"ಸ್ವಲ್ಪ ಬಕೆಟ್ ತೋರಿಸ್ತೀರಾ ಎನಿಡ್?"

"ಯಾಕೆ?"

"ಸುಮ್ನೆ."

"ನಲವತ್ತು ವರ್ಷ ರೋಗಿಗಳನ್ನ ನೋಡಿದೀನಿ ಕಣಯ್ಯಾ. ಸುಮ್ನೆ ಅನ್ನೋನಿಗೆ ಹಣೆ ಮೇಲೆ ಹೀಗೆ ಬೆವರು ಬರಲ್ಲ. ಜ್ವರ ಇದೆಯಾ, ಇಲ್ಲ ಕಳ್ಳತನ ಮಾಡಿದೀಯಾ?"

ಮರ್ವ್ ಪಕ್ಕಕ್ಕೆ ಸರಿದ. ಅಲ್ಲಿ ಕ್ಲೆಮ್ ಎಂಬ ದಢೂತಿ ಮುದುಕ, ಹಿಂದೊಮ್ಮೆ ದನ ಸಾಕಿದವನು, ಸಿಕ್ಕಿದ್ದನ್ನೆಲ್ಲ ಟೋಪಿಯೊಳಗೆ ಹಾಕಿ ಟೋಪಿಯನ್ನು ತಲೆಗೇ ಹಾಕಿಕೊಳ್ಳುತ್ತಿದ್ದ.

"ಟೋಪಿ ಒಂದ್ಸಲ ತೆಗೀತೀಯಾ ಕ್ಲೆಮ್?"

"ನಮ್ಮಪ್ಪನ ಮಣ್ಣಿಗೂ ತೆಗೀಲಿಲ್ಲ ನಾನು. ನಿನಗೆ ತೆಗೀತೀನಾ?"

ಮರ್ವ್‌ಗೆ ಬೇರೆ ದಾರಿ ಕಾಣಲಿಲ್ಲ. "ನಿನ್ನ ಕಿವಿ ಹತ್ರ ಜೇಡ!" ಎಂದು ಕೂಗಿದ. ಟೋಪಿ ಹಾರಿತು. ಉದುರಿದ್ದು ಬಂದೂಕಿನ ಗುಂಡಿನಾಕಾರದ ನಾಲ್ಕು ಬೆಲೆಮ್ನೈಟ್ ಪಳೆಯುಳಿಕೆ, ಒಂದು ಕಪ್ಪೆಚಿಪ್ಪಿನ ಚೂರು, ಅರ್ಧ ಸ್ಯಾಂಡ್‌ವಿಚ್ಚು. ಮರ್ವ್ ಮಂಡಿಯೂರಿ ಅವನ್ನೆಲ್ಲ ಹೊರಳಿಸಿ ನೋಡುವುದನ್ನು ಎನಿಡ್ ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡಿದಳು. ಬಂದು ಕ್ಲೆಮ್‌ನ ಕಿವಿಯಲ್ಲಿ ಒಂದೇ ಮಾತು ಹೇಳಿದಳು.

"ಓಪಲ್."

"ಏನು?"

"ಕೆಲವು ಕಡೆ ಚಿಪ್ಪು ಬರೀ ಕಲ್ಲಾಗೋ ಬದಲು ಓಪಲ್ ರತ್ನ ಆಗಿರತ್ತಂತೆ. ಇಲ್ಲೂ ಒಂದಿದೆ. ಇವನಿಗದು ಗೊತ್ತಿದೆ. ನೋಡು, ಹೇಗೆ ಒಂದೊಂದನ್ನೂ ಹೊರಳಿಸಿ ಹುಡುಕ್ತಿದಾನೆ!"

ಈ ಮಾತು ಬಯಲಿನ ಆ ತುದಿ ಮುಟ್ಟುವಷ್ಟರಲ್ಲಿ ಓಪಲ್ ಮುಷ್ಟಿಗಾತ್ರವಾಯಿತು. ಗೇಟು ದಾಟಿ ಬೀದಿಗೆ ಬರುವಷ್ಟರಲ್ಲಿ ತೆಂಗಿನಕಾಯಿಯಾಯಿತು. ಮಧ್ಯಾಹ್ನಕ್ಕೆ ಬೇಕರಿಯವನು ಬ್ರೆಡ್ಡು ಹೊರತೆಗೆಯುವ ಉದ್ದ ಸಲಿಕೆಯೊಂದಿಗೆ ಬಂದ. ಹೋಟೆಲಿನವಳು ಗಿರಾಕಿಗಳ ಸಮೇತ ಬಂದಳು. ಪೊಲೀಸಿನವನು ಶಾಂತಿ ಕಾಪಾಡಲು ಬಂದು, ಅರ್ಧ ಗಂಟೆಯಲ್ಲಿ ಅವನೂ ಅಂಗಿ ಬಿಚ್ಚಿಟ್ಟು ಅಗೆಯತೊಡಗಿದ.

ಗ್ಲೆನಿಸ್ ಕಿಟಕಿಯಿಂದ ನೋಡಿ ಹಿಗ್ಗಿದಳು. "ಮರ್ವ್! ಇಷ್ಟು ಟಿಕೆಟ್ ಯಾವತ್ತೂ ಹೋಗಿರಲಿಲ್ಲ. ಏನು ಮಾಡಿದೆ ನೀನು?"

"ಏನೂ ಇಲ್ಲ ಗ್ಲೆನಿಸ್," ಎಂದ ಮರ್ವ್. ಅವನ ದನಿ ಸೈಕಲ್ ಟ್ಯೂಬಿನಿಂದ ಹೊರಟ ಗಾಳಿಯ ಹಾಗಿತ್ತು.

ಎರಡು ಗಂಟೆ ದಾಟಿತು. ಯಾರ ಬಕೆಟ್ಟಿನಲ್ಲೂ ಇಡೀ ಸುರುಳಿ ಇರಲಿಲ್ಲ. ಮರ್ವ್ ಬೇಲಿಗೊರಗಿ ಕಾಲ ಬಳಿ ನೋಡಿದ. ಬೇಸಗೆಯ ಮಳೆ ಕಂಡು ತಿಂಗಳುಗಳಾಗಿದ್ದವು. ಕಪ್ಪು ಮಣ್ಣು ಕೈ ತೂರುವಷ್ಟಗಲ ಬಾಯಿ ಬಿಟ್ಟಿತ್ತು. ಥಟ್ಟನೆ ಹೊಳೆಯಿತು: ಎರಚಿದಾಗ ಅದು ಬಿರುಕಿನೊಳಗೆ ಬಿದ್ದಿದ್ದರೆ?

ನೆಲಕ್ಕೆ ಕವುಚಿ ಮಲಗಿ ಒಂದು ಬಿರುಕಿಗೆ ತೋಳು ಹಾಕಿದ. ಇನ್ನೊಂದಕ್ಕೆ ಹಾಕಿದ. ಜನ ಮೇಲ್ಮಣ್ಣನ್ನೇ ಕೆರೆಯುತ್ತಿದ್ದರು. ಎಷ್ಟೋ ವರ್ಷಗಳಿಂದ ಯಾರೂ ಅಲ್ಲಿ ಗೇಣು ಆಳಕ್ಕೆ ಇಳಿದಿರಲಿಲ್ಲ. ಮೇಲೆಯೇ ಬೇಕಾದಷ್ಟು ಸಿಗುವಾಗ ಯಾರು ಇಳಿಯುತ್ತಾರೆ? ಬೇಲಿಯ ಮೂಲೆಯ ಬಿರುಕಿನಲ್ಲಿ, ಮೊಣಕೈ ಮುಳುಗಿದ ಮೇಲೆ, ಮರ್ವ್‌ನ ಬೆರಳಿಗೆ ಏಣುಏಣಾದ ಒಂದು ಸುರುಳಿ ತಾಗಿತು. ಎಳೆದರೆ ಬರಲಿಲ್ಲ. ಉಗುರು ಮುರಿದವು. ಉಳಿ ಇಳಿಸಿ, ಮೀಟಿ, ದೇವರನ್ನೂ ದೆವ್ವವನ್ನೂ ಒಟ್ಟಿಗೇ ಕರೆದು ಜಗ್ಗಿದಾಗ ಅದು ಕಿತ್ತುಕೊಂಡು ಕೈಗೆ ಬಂತು. ಅಂಗೈಯಗಲ. ಮೈತುಂಬ ಕಂದು ಮಣ್ಣು.

ಮರ್ವ್ ಅದನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟ.

"ಸಿಕ್ತು! ಅವನಿಗೇ ಸಿಕ್ತು!" ಎಂದು ಎನಿಡ್ ಕೂಗಿದಳು.

ಅವನು ಮ್ಯೂಸಿಯಮ್ಮಿನತ್ತ ಓಡಿದ. ಬಯಲಿಗೆ ಬಯಲೇ ಅವನ ಬೆನ್ನು ಹತ್ತಿತು. ಒಳಗೆ ಡಾಕ್ಟರ್ ಫೇರ್ ಆಗಲೇ ಬಂದು, ಧೂಳು ಮೆತ್ತಿದ ಬೂಟುಗಳನ್ನು ಚಾಚಿಕೊಂಡು ಟೀ ಕುಡಿಯುತ್ತಿದ್ದರು. ಮರ್ವ್ ಕಲ್ಲನ್ನು ಮೇಜಿನ ಮೇಲಿಟ್ಟು ಏದುಸಿರು ಬಿಡುತ್ತ ನಿಂತ. ಅವನ ಹಿಂದೆಯೇ ಎನಿಡ್, ಕ್ಲೆಮ್, ಸಲಿಕೆ ಹಿಡಿದ ಬೇಕರಿಯವನು, ಬನಿಯನ್ನಿನಲ್ಲಿದ್ದ ಪೊಲೀಸು.

"ಅದು ನನ್ನದು!" ಎಂದ ಕ್ಲೆಮ್. "ಆ ಮೂಲೇಲಿ ಮೊದಲು ಅಗೀತಿದ್ದೋನು ನಾನು."

"ಬೋರ್ಡ್ ಓದಿ. 'ಬಯಲಲ್ಲಿ ಸಿಕ್ಕಿದ್ದು ಟಿಕೆಟ್ ತಗೊಂಡೋರಿಗೆ ಸೇರಿದ್ದು' ಅಂತ ಬರ್ದಿದೆ," ಎಂದಳು ಎನಿಡ್. "ಇವನು ಟಿಕೆಟ್ ತಗೊಂಡಿದಾನಾ? ಇಲ್ಲ. ಹಾಗಾದ್ರೆ ಅದು ನಮ್ಮದು."

ಕ್ಲೆಮ್ ಕೈ ಚಾಚಿದ. ಮರ್ವ್ ಕಲ್ಲಿನ ಮೇಲೆ ಅಡ್ಡ ಬಿದ್ದ. ಇಡೀ ದಿನ ಅದುಮಿಟ್ಟಿದ್ದು ಆಗ ಉಕ್ಕಿ ಬಂತು.

"ಇದು ಬಯಲಲ್ಲಿ ಸಿಕ್ಕಿದ್ದೇ ಅಲ್ಲ! ಮ್ಯೂಸಿಯಮ್ಮಿಂದು! ಬೆಳಗ್ಗೆ ನಾನೇ ತಪ್ಪಿ ಬಿತ್ತಿದೆ. ಅಲ್ಲಿರೋದೆಲ್ಲ ನಾನು ಹಾಕಿದ್ದೇ! ದಿನಾ ಬೆಳಗ್ಗೆ ಎಲ್ಲೆಲ್ಲಿಂದಲೋ ತಂದು ಹಾಕ್ತೀನಿ! ಆ ಬಯಲಲ್ಲಿ ಏನೂ ಇಲ್ಲ, ಹುಳವೂ ಇಲ್ಲ!"

 ಕ್ಲೆಮ್ ನಿಧಾನವಾಗಿ ಟೋಪಿ ತೆಗೆದು ಒಳಗಿದ್ದ ಬೆಲೆಮ್ನೈಟುಗಳನ್ನು ನೋಡಿಕೊಂಡ.

ಗ್ಲೆನಿಸ್ ಕಣ್ಣು ಮುಚ್ಚಿ ತೆರೆದಳು. ಕೌಂಟರಿನ ಕೆಳಗೆ ಬಾಗಿ, ಒಂದು ವೆನಿಲಾ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದಳು. ಹತ್ತಿಯ ನಡುವೆ, ಬಾಯಿ ತುಂಬ ದವಡೆ ಇಟ್ಟುಕೊಂಡು, ಅಮೊನೈಟ್ ಬೆಚ್ಚಗೆ ಮಲಗಿತ್ತು.

"ನಿನ್ನ ಕೈಗೆ ಸಿಗಬಾರದು ಅಂತ ನಿನ್ನೆ ರಾತ್ರಿ ನನ್ನ ಮನೆಗೇ ಒಯ್ದಿದ್ದೆ," ಎಂದಳು. ದನಿ ಎಷ್ಟು ಮೆತ್ತಗಿತ್ತೆಂದರೆ ಮರ್ವ್ ಒಂದು ಹೆಜ್ಜೆ ಹಿಂದೆ ಸರಿದ. "ನೀನು ಚೂರು ತುಂಬದೆ ಹೋಗಿದ್ದೆ. ನಾನೇ ಇನ್ನೊಂದು ಡಬ್ಬಿಗೆ ತುಂಬಿಟ್ಟೆ. ನೀನು ಬಿತ್ತಿದ್ದು ಅದನ್ನ."

"ಹಾಗಾದ್ರೆ ಇದು?" ಎಂದ ಮರ್ವ್.

ಡಾಕ್ಟರ್ ಫೇರ್ ಅದಾಗಲೇ ಕಲ್ಲನ್ನು ಕೈಗೆತ್ತಿಕೊಂಡು ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ತೆಗೆಯುತ್ತಿದ್ದರು. ಭೂತಗನ್ನಡಿ ಕಣ್ಣಿಗೆ ಹಚ್ಚಿದರು. ಏಣುಗಳನ್ನು ಬೆರಳಿನಿಂದ ಸವರಿದರು. ಸುರುಳಿ ಕೊನೆಗೆ ಬಿಚ್ಚಿಕೊಂಡು ಆನೆಯ ಸೊಂಡಿಲಿನಂತೆ ಮೇಲಕ್ಕೆ ಬಾಗಿತ್ತು. ಅದರುದ್ದಕ್ಕೂ ಮುತ್ತು ಪೋಣಿಸಿದ ಹಾಗೆ ಗಂಟುಗಳ ಎರಡು ಸಾಲು. ಟೀ ತಣ್ಣಗಾಯಿತು.

"ಇಂಥದ್ದನ್ನ ನಾನು ನೋಡೇ ಇಲ್ಲ," ಎಂದರು ಕೊನೆಗೆ. "ಯಾರೂ ನೋಡಿಲ್ಲ. ಇದು ಹೊಸ ಜಾತಿ. ಎಲ್ಲಿ ಸಿಕ್ಕಿತು ಇದು?"

ಮರ್ವ್‌ನ ಎದೆ ಹೂವಿನಂತೆ ಅರಳಿತು. "ಇಲ್ಲೇ ಡಾಕ್ಟರೇ! ನಮ್ಮ ಬಯಲಲ್ಲೇ! ಬಿರುಕಿನೊಳಗೆ, ಬಂಡೆಗೆ ಕಚ್ಕೊಂಡಿತ್ತು. ನನ್ನ ಕೈಯಾರೆ ಕಿತ್ತೆ!"

"ಕೀಳೋದನ್ನ ಯಾರಾದ್ರೂ ನೋಡಿದ್ರಾ?"

ಮರ್ವ್ ತಿರುಗಿ ನೋಡಿದ. "ಎದೆಗೊತ್ಕೊಂಡಿದ್ದನ್ನ ನೋಡಿದೆ, ಕಿತ್ತಿದ್ದನ್ನಲ್ಲ," ಎಂದಳು ಎನಿಡ್.

"ಸಿಕ್ಕಿದ ಜಾಗ ಖಚಿತವಾಗಿದ್ದಿದ್ರೆ ಇದಕ್ಕೆ ನಿಮ್ಮ ಹೆಸರೇ ಇಡ್ತಿದ್ದೆ," ಎಂದು ಡಾಕ್ಟರ್ ನಿಟ್ಟುಸಿರಿಟ್ಟು ಅದನ್ನು ಕೆಳಗಿಟ್ಟರು. "ಜಾಗ ಗೊತ್ತಿಲ್ಲದ ಪಳೆಯುಳಿಕೆ ನಮಗೆ ಬರೀ ಕಲ್ಲು."

"ಆದ್ರೆ ಗೊತ್ತಲ್ಲ! ನನ್ನ ಕೈಯಾರೆ..."

"ನಿಮ್ಮ ಕೈಯಾರೆ ದಿನಾ ಎಲ್ಲೆಲ್ಲಿಂದಲೋ ತಂದು ಹಾಕ್ತೀರಂತಲ್ಲ ಮರ್ವ್. ಈಗ ತಾನೆ ನೀವೇ ಹೇಳಿದಿರಿ. ಇಷ್ಟು ಜನರ ಮುಂದೆ."

ಕ್ಲೆಮ್ ಆ ಕಲ್ಲನ್ನು ಎತ್ತಿ, ಬೆಳಕಿಗೆ ಹಿಡಿದು, "ಓಪಲ್ ಅಲ್ವಲ್ಲ," ಎಂದು ಮೂಗು ಮುರಿದು ಹಿಂದಕ್ಕಿಟ್ಟ. ಜನ ಗೊಣಗುತ್ತ ಚದುರಿದರು. ಗ್ಲೆನಿಸ್ ಖಾಲಿ ಡಬ್ಬಿಯೊಂದನ್ನು ಮರ್ವ್‌ನ ಎದೆಗೆ ಒತ್ತಿದಳು.

"ಹೋಗು. ಬಿತ್ತಿದ್ದರಲ್ಲಿ ಉಳಿದಿರೋದನ್ನೆಲ್ಲ ಹೆಕ್ಕು. ಆಮೇಲೆ ಬೀಗದ ಕೈ ಇಟ್ಟು ಮನೆಗೆ ನಡಿ. ನಾಳೆಯಿಂದ ಬರಬೇಡ."

ಬಯಲು ಉತ್ತ ಹೊಲದಂತೆ ಗುಂಡಿಬಿದ್ದಿತ್ತು. ಸಂಜೆಯ ಬಿಸಿಲಿನಲ್ಲಿ ಮರ್ವ್ ಒಬ್ಬನೇ ಬಗ್ಗಿ ಬಗ್ಗಿ ತನ್ನ ಚೂರುಗಳನ್ನು ಆರಿಸಿದ. ಅವುಗಳ ಪರಿಚಯ ಅವನಿಗಿತ್ತು. ಇದು ಕಳೆದ ವಾರದ್ದು, ಇದು ಹಬ್ಬದ ದಿನದ್ದು. ಬೇಲಿಯ ಮೂಲೆಗೆ ಬಂದಾಗ ಕಾಲು ತಾನಾಗಿ ನಿಂತಿತು. ಮಂಡಿಯೂರಿ, ಅದೇ ಬಿರುಕಿಗೆ ಮತ್ತೆ ತೋಳು ಹಾಕಿದ. ಸ್ವಲ್ಪ ಎಡಕ್ಕೆ. ಸ್ವಲ್ಪ ಕೆಳಕ್ಕೆ.

ಇನ್ನೊಂದಿತ್ತು. ಇನ್ನೂ ದೊಡ್ಡದು. ಸಡಿಲಗೊಂಡ ಬಂಡೆಯಿಂದ ಈ ಸಲ ಸಲೀಸಾಗಿ ಬಂತು. ಸೊಂಡಿಲು ಪೂರ್ತಿಯಾಗಿತ್ತು. ಮುತ್ತುಗಳು ಒಂದೂ ಉದುರಿರಲಿಲ್ಲ. ಹತ್ತು ಕೋಟಿ ವರ್ಷ ಕತ್ತಲಲ್ಲಿದ್ದದ್ದು ಅವನ ಅಂಗೈಯಲ್ಲಿ ಕೂತು ಬಿಸಿಲು ಕಾಯಿಸಿಕೊಂಡಿತು. ಮರ್ವ್ ಉಸಿರು ಬಿಗಿಹಿಡಿದು ಮ್ಯೂಸಿಯಮ್ಮಿನತ್ತ ನೋಡಿದ. ಡಾಕ್ಟರ ಜೀಪು ಇನ್ನೂ ಹೊರಟಿರಲಿಲ್ಲ. ಓಡಿದರೆ ಸಿಗುತ್ತಾರೆ.

ಅಷ್ಟರಲ್ಲಿ ಕಿಟಕಿ ದಡ್ಡೆಂದು ತೆರೆಯಿತು.

"ಮರ್ವ್!" ಗ್ಲೆನಿಸ್ ಕೂಗಿದಳು. "ಏನದು ಕೈಯಲ್ಲಿ? ಮತ್ತೇನು ಹೂಳ್ತಿದೀಯಾ ಅಲ್ಲಿ?"

ಮರ್ವ್ ಅವಳನ್ನು ನೋಡಿದ. ಅವಳ ಹಿಂದೆ ಕಾಣುತ್ತಿದ್ದ ಡಾಕ್ಟರ ಮುಖವನ್ನು ನೋಡಿದ.

"ಏನೂ ಇಲ್ಲ ಗ್ಲೆನಿಸ್," ಎಂದ. ಆಮೇಲೆ ಅದನ್ನು ಮೆಲ್ಲಗೆ ಬಿರುಕಿನೊಳಗಿಟ್ಟು, ಕಾಲಿನಿಂದ ಒಂದಿಷ್ಟು ಮಣ್ಣೆಳೆದ.